ಅಗಸಿ ಹಿಂಡಿಯೂ ಸಿದ್ದಲಿಂಗಪ್ಪನ ರಕ್ತನಾಳವೂ

ಮಂದಿಯನ್ನು ಹೆದರಿಸುವುದೇ ಹೊಟ್ಟೆಪಾಡಾದವನಿಗೆ ತಾನು ಹೆದರಿ ರೂಢಿ ಇರುವುದಿಲ್ಲ. ಬಸವನ ಬಾಗೇವಾಡಿಯ ಸಿದ್ದಲಿಂಗಪ್ಪ ಜೀವವಿಮೆಯ ಏಜೆಂಟ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಮೋಟರ್ ಸೈಕಲ್ ಮೇಲೆ ತಿರುಗುತ್ತ, ಹೊಟ್ಟೆತುಂಬ ಉಂಡು ಕಟ್ಟೆಯ ಮೇಲೆ ಹಾಯಾಗಿ ಕೂತವರನ್ನು ಹಿಡಿದು, "ನಾಳೆ ನಿಮಗ ಏನರ ಹೆಚ್ಚುಕಡಿಮಿ ಆದ್ರ ಮಕ್ಕಳ ಗತಿ ಏನ್ರಿ?" ಎಂದು ಮೆತ್ತಗೆ ಕೇಳುವುದು ಅವನ ಉದ್ಯೋಗ. ಈ ಪ್ರಶ್ನೆಯನ್ನು ಅವನು ಎಷ್ಟು ಅಂತಃಕರಣದಿಂದ ಕೇಳುತ್ತಿದ್ದನೆಂದರೆ, ಕೇಳಿಸಿಕೊಂಡವರು ಮೊದಲು ಎದೆ ಮುಟ್ಟಿ ನೋಡಿಕೊಂಡು ಆಮೇಲೆ ಸಹಿ ಹಾಕುತ್ತಿದ್ದರು. ಮನಗೂಳಿಯಲ್ಲಿ ಅವನ ಗಾಡಿಯ ಸಪ್ಪಳ ಕೇಳಿದರೆ ಹಿರಿಯರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆಂಬುದು ಆಗದವರು ಹುಟ್ಟಿಸಿದ ಮಾತು. (ಎಲ್ಲರೂ ಹಾಕಿಕೊಳ್ಳುವುದಿಲ್ಲ, ಕೆಲವರು ಮಾತ್ರ.)

ಇಂಥವನು ಒಂದು ದಿನ ಹೆಂಡತಿ ವಿಜಯಲಕ್ಷ್ಮಿಯ ಮೊಣಕಾಲು ತೋರಿಸಲು ಡಾಕ್ಟರ್ ಜಾಸ್ಮಿನ ಅವರ ದವಾಖಾನೆಗೆ ಹೋದ. ಡಾಕ್ಟರು ಮೊಣಕಾಲು ನೋಡಿದರು, ಮುಲಾಮು ಬರೆದುಕೊಟ್ಟರು. "ಬಂದೀರಿ ಅಂದಮ್ಯಾಲ ಇಬ್ಬರದೂ ಬಿ.ಪಿ. ನೋಡೇಬಿಡ್ತೇನಿ" ಎಂದು ಮೊದಲು ಸಿದ್ದಲಿಂಗಪ್ಪನ ತೋಳಿಗೆ ಪಟ್ಟಿ ಸುತ್ತಿದರು. ಗಾಳಿ ತುಂಬಿದರು, ಬಿಟ್ಟರು, ಮತ್ತೊಮ್ಮೆ ತುಂಬಿದರು.

"ಸ್ವಲ್ಪ ಜಾಸ್ತಿ ಐತ್ರಿ."

ಅಲ್ಲಿಂದ ಮುಂದೆ ಸಿದ್ದಲಿಂಗಪ್ಪನಿಗೆ ಏನೂ ಸರಿಯಾಗಿ ಕೇಳಿಸಲಿಲ್ಲ. ಹೆಂಡತಿಯ ತೋಳಿಗೆ ಪಟ್ಟಿ ಹೋದದ್ದು, ಆಮೇಲೆ ಡಾಕ್ಟರು ಆಕೆಯ ಹತ್ತಿರ ಏನೋ ಹೇಳಿದ್ದು, ಆಕೆ ತಲೆಯಾಡಿಸಿದ್ದು ಎಲ್ಲ ಗೋಡೆಯಾಚೆಗೆ ನಡೆದಂತಿತ್ತು. ಕಿವಿಗೆ ಬಿದ್ದದ್ದು ಇಷ್ಟೇ: "ಈಗ ಗುಳಿಗಿ ಬ್ಯಾಡ. ಒಂದ ತಿಂಗಳ ಮುಂಜಾನೆದ್ದ ಅಡ್ಡಾಡ್ರಿ, ಉಪ್ಪ ಕಡಿಮಿ ಮಾಡ್ರಿ, ಹಣ್ಣು ಕಾಯಿಪಲ್ಲೆ ಹೆಚ್ಚಗಿ ತಿನ್ರಿ. ಆಮ್ಯಾಲೂ ಇಳಿದಿಲ್ಲಂದ್ರ ಗುಳಿಗಿ ಚಾಲು ಮಾಡೂನು."

ಗುಳಿಗಿ! ಆ ಶಬ್ದ ಕೇಳಿದೊಡನೆ ಅವನ ಕಣ್ಣಮುಂದೆ ಬಂದವನು ಸಿಂದಗಿಯಲ್ಲಿರುವ ಅಣ್ಣ ರಾಚಪ್ಪ. ಹೋದ ವರ್ಷ ಊಟಕ್ಕೆ ಕೂತವನ ಕೈಯಿಂದ ರೊಟ್ಟಿ ಜಾರಿ, ಬಾಯಿ ಒಂದು ಕಡೆ ಎಳೆದು, ಮಾತು ತೊದಲಿತ್ತು. ಈಗ ಕೋಲು ಹಿಡಿದು ಅಂಗಳದಲ್ಲಿ ಓಡಾಡುವಷ್ಟು ಸುಧಾರಿಸಿದ್ದ. ಆದರೆ ಅವನ ಮಂಚದ ಪಕ್ಕದಲ್ಲಿ ಖಾನೆ ಖಾನೆಯ ಗುಳಿಗೆ ಡಬ್ಬಿಯೊಂದು ಬಂದು ಕೂತಿತ್ತು. ಸಿದ್ದಲಿಂಗಪ್ಪನ ಮಟ್ಟಿಗೆ ಮುಪ್ಪು, ಕೋಲು, ಓರೆಬಾಯಿ ಎಲ್ಲ ಆ ಡಬ್ಬಿಯಿಂದಲೇ ಹೊರಬಿದ್ದವು. ಅಂಥ ಡಬ್ಬಿ ತನ್ನ ಮನೆಯ ಹೊಸ್ತಿಲು ದಾಟಕೂಡದು ಎಂದು ಅವನು ಪಣ ತೊಟ್ಟ. ಅವನಿಗೆ ನಿಜಕ್ಕೂ ಭಯವಾಗಿತ್ತು.

ಭಯವಾದವನಿಗೆ ಫೋನು ಆಪ್ತಮಿತ್ರ. ಅಂದು ಸಂಜೆಯೇ ಅದರೊಳಗಿನಿಂದ ಕೋಟು ಹಾಕಿದ ಮಹಾಶಯನೊಬ್ಬ ಎದ್ದುಬಂದು ಬೋಧನೆ ಮಾಡಿದ. ಗಿಡಗಳು ಬಿಸಿಲು, ಹುಳುಹುಪ್ಪಡಿಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಮೈಯೊಳಗೆ ಕೆಲವು ಸಂಯುಕ್ತಗಳನ್ನು ಮಾಡಿಕೊಳ್ಳುತ್ತವೆ. ಕೆಂಪು, ನೇರಳೆ ಬಣ್ಣಗಳೂ ಸಿಪ್ಪೆಯ ಕಹಿಯೂ ಅವುಗಳದೇ. ತಿಂದವರ ರಕ್ತನಾಳಗಳು ಅವುಗಳಿಂದ ಮೆತ್ತಗಾಗಿ ಸಡಿಲಗೊಳ್ಳುತ್ತವೆ. "ನಿಮ್ಮ ತಾಟಿನಲ್ಲಿ ಎಷ್ಟು ಬಣ್ಣವೋ ಅಷ್ಟು ಆಯುಷ್ಯ" ಎಂದು ಮುಗಿಸಿ ಮಹಾಶಯ ಅಂತರ್ಧಾನನಾದ.

"ವಿಜಿ, ಇವತ್ತಿಂದ ಈ ಮನ್ಯಾಗ ಬೆಳ್ಳಗಿನದೆಲ್ಲ ಬಂದ್!" ಎಂದು ಸಿದ್ದಲಿಂಗಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾರಿದ.

ರೊಟ್ಟಿ ಬಡಿಯುತ್ತಿದ್ದ ವಿಜಯಲಕ್ಷ್ಮಿ ಕೈ ನಿಲ್ಲಿಸಲಿಲ್ಲ. "ಬೆಳ್ಳಗಿನದು ಅಂದ್ರ?"

"ಅನ್ನ, ಸಕ್ಕರಿ, ಮೈದಾ. ಬಣ್ಣ ಇಲ್ಲದ್ದು ಯಾವುದೂ ಹೃದಯಕ್ಕ ಆಗಿಬರೂದಿಲ್ಲ."

"ನಮ್ಮ ಜ್ವಾಳಾ ಹಾಲಿನಂಗ ಬೆಳ್ಳಗ ಅದಾವಲ್ರಿ. ರೊಟ್ಟಿ ಬಡೀಲ್ಯೋ ಬ್ಯಾಡೋ?"

ಸಿದ್ದಲಿಂಗಪ್ಪ ಹಂಚಿನ ಮೇಲಿನ ರೊಟ್ಟಿಯನ್ನು ದಿಟ್ಟಿಸಿ ನೋಡಿದ. "ರೊಟ್ಟಿ ನಡಿತೈತಿ. ಸುಟ್ಟ ಕರಿ ಚುಕ್ಕಿ ಅದಾವಲ್ಲ."

"ಮತ್ತ ಬಳ್ಳೊಳ್ಳಿ? ಅದೂ ಬೆಳ್ಳಗೇ ಐತಿ."

ಇದು ಪೇಚಿನ ಪ್ರಶ್ನೆ. ಬೆಳ್ಳುಳ್ಳಿ ಹೃದಯದ ಪರಮಮಿತ್ರ ಎಂದು ಅದೇ ಮಹಾಶಯ ಹೇಳಿದ್ದ. ಆದರೆ ಮೂವತ್ತು ವರ್ಷ ಪಾಲಿಸಿ ಮಾರಿದ ನಾಲಿಗೆ ಒಂದು ಬೆಳ್ಳುಳ್ಳಿಗೆ ಸೋಲುವಂಥದ್ದಲ್ಲ. "ಬಳ್ಳೊಳ್ಳಿಗೆ ವಾಸನಿ ಐತೆಲ್ಲ! ವಾಸನೀನೂ ಒಂದ ನಮೂನಿ ಬಣ್ಣನ" ಎಂದು ಹೇಳಿ, ಮರುಪ್ರಶ್ನೆ ಬರುವ ಮೊದಲೇ ಪಡಸಾಲೆಗೆ ಜಾಗ ಖಾಲಿ ಮಾಡಿದ.

ಮರುದಿನದಿಂದ ಅವನ ತಾಟು ತೋರಣ ಕಟ್ಟಿದ ಮನೆಯಾಯಿತು. ನೇರಳೆ ಬದನೆಕಾಯಿ, ಹಸಿ ಮೆಂತ್ಯ, ಹಕ್ಕರಿಕೆ ಸೊಪ್ಪು, ಗುದ್ದಿ ಒಡೆದ ಕೆಂಪು ಉಳ್ಳಾಗಡ್ಡಿ, ದಾಳಿಂಬೆ. ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ, ಡಾಕ್ಟರಿಗೂ ಸಂತೋಷವಾಗುತ್ತಿತ್ತು. ಆದರೆ ವಿಜಯಲಕ್ಷ್ಮಿ ಡಾಕ್ಟರ ಮಾತಿನಂತೆ ಪಲ್ಯ, ಸಾರಿಗೆಲ್ಲ ಉಪ್ಪು ಕಡಿಮೆ ಮಾಡಿದ್ದಳು. ಉಪ್ಪಿಗಿಂತ ರುಚಿಯಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಎರಡನೆಯ ದಿನಕ್ಕೇ ಸಿದ್ದಲಿಂಗಪ್ಪನಿಗೆ ಬಾಯಿ ಸಪ್ಪಗಾಗಿ, ಕೈ ತಾನೇ ತಾಟಿನ ಎಡದಂಡೆಯ ಅಗಸಿ ಹಿಂಡಿಯ ಕಡೆ ಹೋಯಿತು. ಹುರಿದ ಅಗಸಿ, ಕೆಂಪು ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಒಣ ಪುಡಿ, ಮೇಲೊಂದು ಮಿಳ್ಳಿ ಎಣ್ಣೆ. ಫೋನಿನಲ್ಲಿ ಹುಡುಕಿದ. ಅಗಸಿಯಲ್ಲೂ ಲಿಗ್ನಾನ್ ಎಂಬ ಮಹಾ ಸಂಯುಕ್ತವಿದೆಯಂತೆ! ನಾಲಿಗೆ ಕೇಳಿದ್ದನ್ನೇ ಶಾಸ್ತ್ರವೂ ಹೇಳಿದರೆ ಮನುಷ್ಯನಿಗೆ ಇನ್ನೇನು ಬೇಕು?

ಅಂದಿನಿಂದ ಹಿಂಡಿ ಚಿಮಟಿಯಲ್ಲಿ ಬೀಳುವುದು ನಿಂತು, ಪಲ್ಯದಂತೆ ಸೌಟಿನಲ್ಲಿ ಬೀಳತೊಡಗಿತು. ಲಿಂಬೆಯ ಸಿಪ್ಪೆಯಲ್ಲೂ ನಾಳಕ್ಕೆ ಹಿತವಾದ ಅಂಶವಿದೆಯೆಂದು ತಿಳಿದಾಗ, ಇಂಡಿಯ ಗೆಳೆಯ ಮಾಳಿಂಗ ಕಳಿಸಿದ ಲಿಂಬೆಕಾಯಿಯೊಂದನ್ನು ಸಿಪ್ಪೆ ಸಮೇತ ಕಚ್ಚಿ ನೋಡಿದ. ಕಣ್ಣಲ್ಲಿ ನೀರು ಬಂತು. ಹಸಿ ಸಿಪ್ಪೆ ಯಾಕೆ, ಭರಣಿಯಲ್ಲಿ ಹೋದ ವರ್ಷದ ಉಪ್ಪಿನಕಾಯಿ ಇದೆಯಲ್ಲ, ಅದರ ಸಿಪ್ಪೆ ಬೆಣ್ಣೆಯಂತೆ ಮೆತ್ತಗಾಗಿದೆಯಲ್ಲ ಎಂಬ ದಿವ್ಯಜ್ಞಾನ ಆಗಲೇ ಹುಟ್ಟಿತು.

"ಅಲ್ರಿ, ಒಂದ ಮಾತ ಹೇಳ್ಲೇನು? ಆ ಹಿಂಡ್ಯಾಗ..." ಎಂದು ವಿಜಯಲಕ್ಷ್ಮಿ ಶುರುಮಾಡಿದಳು.

"ನಿನಗ ಕಾಯಿಪಲ್ಲೆ ಬಣ್ಣದಾಗಿನ ಫ್ಲೇವನಾಯ್ಡ್ ಅಂದ್ರ ಗೊತ್ತೈತೇನ?"

"ಗೊತ್ತಿಲ್ರಿ. ಆದ್ರ ಹಿಂಡಿ ಕುಟ್ಟಾಕಿ ನಾನಽ..."

"ಗೊತ್ತಿಲ್ಲಂದ್ರ ಕೇಳ್ಕೊ" ಎಂದು ಅವನು ಭಾಷಣ ತೆಗೆದ. ಅದು ಮುಗಿಯುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿತು, ಆಕೆ ಎದ್ದುಹೋದಳು. ಮರುದಿನ ಮತ್ತೆ ಹೇಳಲು ಬಂದಾಗ ಉಳ್ಳಾಗಡ್ಡಿಯ ಮಹಿಮೆ, ಅದರ ಮರುದಿನ ದಾಳಿಂಬೆಯದು. ಕೊನೆಗೆ ಆಕೆ ಮಾತು ಬಿಟ್ಟು ಹಿಂಡಿಯ ಭರಣಿಯನ್ನೇ ಎತ್ತಿಟ್ಟಳು. ಸಿದ್ದಲಿಂಗಪ್ಪ ಹಿಂದಿನ ಓಣಿಯಲ್ಲಿ ಹಿಂಡಿ ಮಾಡಿ ಮಾರುವ ಮಾಬುಬಿಯ ಮನೆಗೆ ಹೋಗಿ, ಡಬ್ಬಿ ತುಂಬಿಸಿಕೊಂಡು ಬಂದು ಗಾಡಿಯ ಚೀಲದಲ್ಲೇ ಇಟ್ಟುಕೊಂಡ. ಈಗ ಔಷಧಿ ಊರೂರು ತಿರುಗತೊಡಗಿತು.

ಒಂದು ಸಂಗತಿ ಮಾತ್ರ ಅವನಿಗೇ ವಿಚಿತ್ರವೆನಿಸಿತ್ತು. ವಿಪರೀತ ನೀರಡಿಕೆ. ಚರಿಗೆಗಟ್ಟಲೆ ನೀರು ಕುಡಿದರೂ ತೀರದು. "ನಾಳ ತೊಳದ ಹೊಂಟಾವು. ತೊಳಿಯಾಕ ನೀರ ಬೇಕಲ್ಲ!" ಎಂದು ತಾನೇ ಅರ್ಥ ಹೇಳಿಕೊಂಡು ಸಮಾಧಾನಪಟ್ಟ.

ವ್ಯಾಪಾರಕ್ಕೂ ಇದರ ಬಿಸಿ ತಟ್ಟಿತು. ಝಳಕಿಯ ಚಾದ ಅಂಗಡಿಯಲ್ಲಿ ಮಾಳಿಂಗನೇ ಹೊಸ ಪಾಲಿಸಿಗೆ ಸಹಿ ಹಾಕಲು ಪೆನ್ನು ತೆಗೆದಿದ್ದ. ಸಿದ್ದಲಿಂಗಪ್ಪ ಸುಮ್ಮನಿರಲಾರದೆ ಅವನಿಗೂ ಸಂಯುಕ್ತಗಳ ಉಪದೇಶ ಮಾಡಿ, "ಹಿಂಡಿ, ಲಿಂಬಿ, ಉಳ್ಳಾಗಡ್ಡಿ ತಿಂದಾವಗ ಹಾರ್ಟಿಗೆ ಏನೂ ಆಗೂದಿಲ್ಲ, ನಾ ಬರಕೊಡ್ತೇನಿ" ಅಂದ.

ಮಾಳಿಂಗ ಪೆನ್ನಿನ ಟೊಪ್ಪಿಗೆ ಹಾಕಿದ. "ಏನೂ ಆಗೂದಿಲ್ಲಂದ್ರ ವಿಮಾ ಯಾಕ ಮಾಡಸಬೇಕೋ ಮಾರಾಯಾ? ಮನ್ಯಾಗ ಬೇಕಾದಷ್ಟ ಹಿಂಡಿ ಐತಿ."

ಪಾಲಿಸಿ ಹೋದದ್ದಕ್ಕೆ ಸಿದ್ದಲಿಂಗಪ್ಪ ದುಃಖಿಸಲಿಲ್ಲ. ಅವನ ಮನಸ್ಸು ಅಣ್ಣನ ಮೇಲಿತ್ತು. ತನಗೆ ಸಿಕ್ಕ ಸಂಜೀವಿನಿ ರಾಚಪ್ಪನಿಗೆ ಸಿಗದಿದ್ದರೆ ಒಡಹುಟ್ಟಿದ್ದಕ್ಕೆ ಏನರ್ಥ? ಹಿಂಡಿ ಒಂದು ಡಬ್ಬಿ, ಲಿಂಬೆ ಉಪ್ಪಿನಕಾಯಿ ಒಂದು ಡಬ್ಬಿ ಕಟ್ಟಿಕೊಂಡು ಸಿಂದಗಿಗೆ ಹೋಗಿ ಅತ್ತಿಗೆ ಸುಂದರವ್ವನ ಕೈಗೆ ಕೊಟ್ಟ. "ವೈನಿ, ದಿನಾ ಹೊತ್ತ ಹೊತ್ತಿಗೆ ಅಣ್ಣಗ ಇದನ್ನ ತಿನ್ನಸ್ರಿ. ಒಂದ ಹೊತ್ತೂ ತಪ್ಪಸಬ್ಯಾಡ್ರಿ." ಡಬ್ಬಿಯ ಮುಚ್ಚಳ ತೆಗೆದಾಗ ರಾಚಪ್ಪನ ಮುಖ ಅರಳಿದ್ದನ್ನು ಕಂಡು ತಮ್ಮನ ಕಣ್ಣು ತುಂಬಿತು.

ತಿಂಗಳು ತುಂಬಿತು. ಸಿದ್ದಲಿಂಗಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ವಿಜಯಲಕ್ಷ್ಮಿಯನ್ನು ಸಾಕ್ಷಿಗೆ ಕರೆದುಕೊಂಡು ದವಾಖಾನೆಗೆ ಹೊರಟ. ಡಾಕ್ಟರು ಪಟ್ಟಿ ಸುತ್ತಿದರು.

"ಎಷ್ಟ ಇಳಿದೈತ್ರಿ?"

"ಏರೈತ್ರಿ."

"ಮಷೀನ್ ಕೆಟ್ಟಿರಬೇಕ್ರಿ, ಮೇಡಂ."

ಡಾಕ್ಟರ್ ಜಾಸ್ಮಿನ ಪಟ್ಟಿ ಬಿಚ್ಚಿ ವಿಜಯಲಕ್ಷ್ಮಿಯ ತೋಳಿಗೆ ಸುತ್ತಿದರು. ನೋಡಿ ನಕ್ಕರು. "ಮಷೀನ್ ಬರೊಬ್ಬರಿ ಐತಿ. ಹೋದ ಸಲ ಇವರದೂ ನಿಮ್ಮಷ್ಟ ಇತ್ತು. ಈಗ ನೋಡ್ರಿ, ಚಲೋ ಇಳಿದೈತಿ."

ಸಿದ್ದಲಿಂಗಪ್ಪ ಹೆಂಡತಿಯ ಕಡೆ ತಿರುಗಿದ. "ನಿಂದೂ ಜಾಸ್ತಿ ಇತ್ತಾ? ನನಗ್ಯಾಕ ಹೇಳಲಿಲ್ಲ?"

"ನಿಮ್ಮದ ಕೇಳೇ ನೀವ ಅರ್ಧಾ ಆಗಿದ್ರಿ. ನಂದೂ ಹೇಳಿದ್ರ ನಿಮ್ಮನ್ನ ಯಾರ ಮನಿತನಕಾ ಹೊತ್ಕೊಂಡ ಹೋಗೂರು?"

ತಿಂಗಳಿಡೀ ತನ್ನ ನಾಳಗಳ ಕಥೆಯನ್ನು ಆಕೆಗೆ ಹೇಳಿದವನು, ಆಕೆಗೂ ನಾಳಗಳಿವೆ ಎಂಬುದನ್ನು ಒಮ್ಮೆಯೂ ನೆನೆಯಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ನೀವ ಏನ ತಿಂದ್ರಿ ಅಕ್ಕಾರ?" ಎಂದು ಡಾಕ್ಟರು ಕೇಳಿದರು.

"ಇವರಿಗೆ ಮಾಡಿದ ಸಪ್ಪನ ಪಲ್ಲೆ, ಕಾಳು, ಸೊಪ್ಪು, ರೊಟ್ಟಿ. ಮುಂಜಾನೆ ಇವರ ತಾಟಿಗೆ ಬಣ್ಣ ಹುಡ್ಕಾಕ ಸಂತಿತನಕಾ ನಡಕೋತ ಹೋಗಿಬರ್ತಿದ್ದೆ, ಅಷ್ಟರಿ."

"ನಾ ಅದಕ್ಕಿಂತ ಹೆಚ್ಚಿಗಿ ತಿಂದೇನ್ರಿ!" ಎಂದು ಸಿದ್ದಲಿಂಗಪ್ಪ ಮುಂದೆ ಬಂದ. ಒಂದೊಂದಾಗಿ ಪಠಿಸಿದ. ಲಿಗ್ನಾನ್ ಸಮೇತ ಅಗಸಿ ಹಿಂಡಿ ಹೊತ್ತಿಗೆ ಎರಡು ಸೌಟು, ಸಿಪ್ಪೆಯ ಸತ್ವ ಸಮೇತ ಲಿಂಬೆ ಉಪ್ಪಿನಕಾಯಿ ನಾಲ್ಕು ಹೋಳು, ಉಳ್ಳಾಗಡ್ಡಿ...

ಡಾಕ್ಟರು ಕೈಯೆತ್ತಿ ತಡೆದರು. "ಹಿಂಡಿಗೆ, ಉಪ್ಪಿನಕಾಯಿಗೆ ಉಪ್ಪ ಎಷ್ಟ ಬೀಳ್ತೈತ್ರಿ?"

ಸಿದ್ದಲಿಂಗಪ್ಪ ಬೆರಳೆಣಿಸಲು ಹೊರಟ. ಉಪ್ಪು! ಸಸ್ಯಗಳ ಒಳಗಿನ ಸಂಯುಕ್ತವೆಲ್ಲ ಅವನ ಗಣನೆಗೆ ಬಂದಿತ್ತು. ಉಪ್ಪು ಗಿಡದಲ್ಲಿ ಬೆಳೆಯುವುದಲ್ಲವಾದ್ದರಿಂದ ಬಂದಿರಲಿಲ್ಲ. ಬೆಳ್ಳಗಿನದೆಲ್ಲ ಬಂದ್ ಎಂದು ಡಂಗುರ ಹೊಡೆದವನ ಮನೆಗೆ, ಎಲ್ಲಕ್ಕಿಂತ ಬೆಳ್ಳಗಿನದು ಕೆಂಪು ಖಾರ ಬಳಿದುಕೊಂಡು ರಾಜಮರ್ಯಾದೆಯಿಂದ ಒಳಬಂದಿತ್ತು.

"ಅದಕ್ಕಽ ಅಷ್ಟ ನೀರಡಿಕಿ" ಎಂದ ಕ್ಷೀಣವಾಗಿ.

"ಉಪ್ಪ ತಿಂದಾವ ನೀರ ಕುಡೀಬೇಕು" ಎಂದಳು ವಿಜಯಲಕ್ಷ್ಮಿ. "ತಿಂಗಳಾತು ಹೇಳಾಕತ್ತೇನಿ. ನೀವು ಬರೇ ಭಾಷಣದಾಗ ಇದ್ರಿ."

"ಕಾಯಿಪಲ್ಲೆ, ಅಗಸಿ ಎಲ್ಲಾ ನಾಳಕ್ಕ ಚಲೋನ, ಸುಳ್ಳಲ್ಲ" ಎಂದರು ಡಾಕ್ಟರು. "ಆದ್ರ ಅವು ನಿಧಾನಕ್ಕ ಒಂದೀಟ ಕೆಲಸ ಮಾಡ್ತಾವು. ಉಪ್ಪ ಹಂಗಲ್ಲ. ಇನ್ನ ಗುಳಿಗಿ ಚಾಲು ಮಾಡೂನು."

ಗುಳಿಗಿ ಎಂಬ ಶಬ್ದಕ್ಕೆ ಸಿದ್ದಲಿಂಗಪ್ಪ ಧಡಕ್ಕನೆ ಎದ್ದುನಿಂತ. ಹೆದರಿದ್ದು ತನಗಾಗಿ ಅಲ್ಲ. "ಅಣ್ಣಾ!" ಎಂದು ಕೂಗಿದ. ಅಲ್ಲಿಂದಲೇ ಸಿಂದಗಿಗೆ ಫೋನು ಹಚ್ಚಿದ. "ವೈನಿ, ಆ ಹಿಂಡಿ, ಉಪ್ಪಿನಕಾಯಿ ತಿನ್ನಸಬ್ಯಾಡ್ರಿ! ಅದರಾಗಿನ ಉಪ್ಪಿಗೆ ನನಗ ಗುಳಿಗಿ ಬಂದೈತಿ. ಅಣ್ಣ ಹ್ಯಾಂಗದಾನ?"

"ಅಂಗಳದಾಗ ಕೋಲ ಬಿಟ್ಟ ಅಡ್ಡಾಡಾಕತ್ತಾರ" ಎಂದಳು ಸುಂದರವ್ವ ನಿರಾಳವಾಗಿ. "ನೀ ಕೊಟ್ಟ ಹೋದ ದಿನಾನ ವಿಜಿ ಫೋನ್ ಮಾಡಿ, ಅಕ್ಕಾ, ಡಬ್ಬಿ ಅಟ್ಟದ ಮ್ಯಾಲ ಇಡ್ರಿ ಅಂದ್ಳು. ನಿಮ್ಮಣ್ಣಗ ಒಂದ ಬೆರಳ ನೆಕ್ಕಾಕೂ ಕೊಟ್ಟಿಲ್ಲ. ತಡಿ, ಮಾತಾಡ್ತಾರಂತ."

ರಾಚಪ್ಪನ ಮಾತು ಇನ್ನೂ ಸ್ವಲ್ಪ ಭಾರವಾಗಿತ್ತು. "ತಮ್ಮಾ, ಗುಳಿಗಿ ಕೊಟ್ರೇನು? ನುಂಗ. ನಾನೂ ನಿನ್ನಂಗ ಶಾಣ್ಯಾ ಆಗಿ, ಗುಳಿಗಿ ಬಿಟ್ಟಾಗನ ರೊಟ್ಟಿ ಕೈಯಾಗಿಂದ ಬಿತ್ತು."

ಇದು ಸಿದ್ದಲಿಂಗಪ್ಪನಿಗೆ ಗೊತ್ತಿಲ್ಲದ್ದೇನಲ್ಲ, ಬೇಕಾಗಿ ಮರೆತದ್ದು. ಅವನು ತಿರುಗಿ ಹೆಂಡತಿಯನ್ನು ನೋಡಿದ. ಈ ಬಾರಿ ಸರಿಯಾಗಿ ನೋಡಿದ. ಜನ್ಮವಿಡೀ ತಾನು ಮಂದಿಗೆ ಮಾರಿದ ವಿಮೆಗಿಂತ ದೊಡ್ಡ ವಿಮೆ ತನ್ನ ಮನೆಯಲ್ಲೇ ರೊಟ್ಟಿ ಬಡಿಯುತ್ತಿತ್ತು ಎನಿಸಿತು. ಬಾಯಿಬಿಟ್ಟು ಹೇಳಬೇಕೆಂದುಕೊಂಡ; ಮತ್ತೆ ಭಾಷಣವೆಂದುಕೊಂಡಾಳೆಂದು, ಗುಳಿಗೆಯ ಚೀಟಿಯನ್ನು ಆಕೆಯ ಕೈಗೆ ಕೊಟ್ಟ.

ರಾತ್ರಿ ಊಟಕ್ಕೆ ಕೂತಾಗ ತಾಟಿನಲ್ಲಿ ಎಲ್ಲ ಬಣ್ಣವೂ ಇತ್ತು. ಬದನೆಕಾಯಿ ಇತ್ತು, ಮೆಂತ್ಯವಿತ್ತು, ಉಳ್ಳಾಗಡ್ಡಿ ಇತ್ತು. ಎಡದಂಡೆಯಲ್ಲಿ, ದಿನವೂ ಹಿಂಡಿ ಬೀಳುವ ಜಾಗದಲ್ಲಿ ಮಾತ್ರ ಒಂದೇ ಒಂದು ಸಣ್ಣ ಗುಳಿಗೆ ಕೂತಿತ್ತು.

ಸಿದ್ದಲಿಂಗಪ್ಪ ಅದನ್ನು ಬೆರಳಿನಿಂದ ಮೆಲ್ಲಗೆ ಹೊರಳಿಸಿ ನೋಡಿದ. ಹಳೆಯ ಚಾಳಿ ಸುಲಭಕ್ಕೆ ಬಿಡುವುದಿಲ್ಲ.

"ವಿಜಿ, ಇದು ಬೆಳ್ಳಗೈತೆಲ್ಲ?"

ವಿಜಯಲಕ್ಷ್ಮಿ ನೀರಿನ ಚರಿಗೆಯನ್ನು ಅವನ ಮುಂದೆ ಸರಿಸಿದಳು.

"ಬಳ್ಳೊಳ್ಳಿ ಅನಕೊಂಡ ನುಂಗ್ರಿ."