ಶನಿವಾರದ ಪಟ್ಟು

ಕುಸ್ತಿಯಲ್ಲಿ ಪಟ್ಟು ಹಿಡಿಯಬೇಕಾದರೆ ಇಬ್ಬರು ಬೇಕು. ಸಂಸಾರದಲ್ಲಿ ಹೆಂಡತಿ ಒಬ್ಬಳಿದ್ದರೆ ಸಾಕು. ಈ ಮಾತನ್ನು ನಾನು ಅವಳ ಎದುರಿಗೆ ಆಡಿದವನಲ್ಲ. ನಿಮ್ಮ ಹತ್ತಿರ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ.

ನನ್ನದು ಕನ್ನಡಕದ ಅಂಗಡಿ. ವಾರವಿಡೀ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಿಸುತ್ತ, ‘ಈಗ ಕಾಣುತ್ತಾ? ಈಗ? ಹಿಂದಿನದು ವಾಸಿನಾ, ಇದು ವಾಸಿನಾ?’ ಎಂದು ಕೇಳಿ ಕೇಳಿ ಬಾಯಿ ಒಣಗಿರುತ್ತದೆ. ಊರಿಗೆಲ್ಲ ಕಾಣಿಸುವವನಿಗೆ ಶನಿವಾರ ಸಂಜೆ ತನಗೆ ಬೇಕಾದ್ದನ್ನು ತಾನು ಕಾಣುವ ಹಕ್ಕಿದೆಯೋ ಇಲ್ಲವೋ, ನೀವೇ ಹೇಳಿ. ನಾನೇನು ಚಿನ್ನ ಕೇಳಲಿಲ್ಲ, ಬೆಳ್ಳಿ ಕೇಳಲಿಲ್ಲ. ಟಿವಿಯಲ್ಲಿ ಬರುವ ಕುಸ್ತಿ ನೋಡುತ್ತೇನೆ, ಅಷ್ಟೆ. ಮಣ್ಣಿನ ಕುಸ್ತಿಯಲ್ಲ. ಹಗ್ಗ ಬಿಗಿದ ರಿಂಗು, ಕಣ್ಣು ಕೋರೈಸುವ ದೀಪ, ಬಣ್ಣದ ಚಡ್ಡಿ, ಮೈಕು ಹಿಡಿದು ಬೈದಾಟ, ಎಲ್ಲ ಇರುವ ಆ ವೃತ್ತಿಪರ ಕುಸ್ತಿ. ಬಾಗಿಲು ಮುಂದೆ ಮಾಡಿ, ಕಾಲು ಚಾಚಿ, ಕಾಫಿ ಲೋಟವನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ನೋಡುವುದು ನನ್ನ ಪದ್ಧತಿ.

ಮೊನ್ನೆ ಈ ಪದ್ಧತಿಗೇ ಸಂಚಕಾರ ಬಂತು.

‘ರೀ, ಇನ್ಮೇಲೆ ಪ್ರತಿ ಶನಿವಾರ ಸಂಜೆ ಅಕ್ಕನ ಮನೆಗೆ ಹೋಗೋಣ,’ ಎಂದಳು ಹೆಂಡತಿ. ‘ಭಾವ ಪ್ರವಾಸದ ಫೋಟೊ ಎಲ್ಲ ತೋರಿಸ್ತಾರಂತೆ.’

ಅವಳ ಭಾವ ಎಂದರೆ ನನ್ನ ಷಡ್ಡಕ. ನಿವೃತ್ತಿಯಾದ ಮೇಲೆ ಕಂಡ ಕಂಡ ಊರೆಲ್ಲ ಸುತ್ತಿ ಬಂದಿರುವ ಮಹನೀಯರು. ಕೋಣೆಯ ದೀಪ ಆರಿಸಿ, ಯಂತ್ರವೊಂದರಿಂದ ಗೋಡೆಯ ಮೇಲೆ ಬೆಳಕು ಬಿಟ್ಟು ಫೋಟೊ ತೋರಿಸುತ್ತಾರೆ. ಎಲ್ಲ ಫೋಟೊಗಳಲ್ಲೂ ಹಿಂದೆ ಒಂದು ಕಟ್ಟಡ, ಮುಂದೆ ಷಡ್ಡಕರು. ಕಟ್ಟಡ ಬದಲಾಗುತ್ತದೆ, ಷಡ್ಡಕರು ಬದಲಾಗುವುದಿಲ್ಲ. ಪ್ರತಿ ಕಟ್ಟಡದ ಎತ್ತರ, ಅಗಲ, ಕಟ್ಟಿಸಿದವರು ಯಾರು, ಕಟ್ಟಿಸಿ ಕೆಟ್ಟವರು ಯಾರು, ಎಲ್ಲ ವಿವರಿಸುತ್ತಾರೆ. ಒಮ್ಮೆ ನೋಡಿ ಬಂದಿದ್ದೆ. ಆ ವಾರವೆಲ್ಲ ನನಗೆ ಯಾವ ಕಟ್ಟಡ ಕಂಡರೂ ಅದರ ಮುಂದೆ ಷಡ್ಡಕರು ಕಾಣುತ್ತಿದ್ದರು.

‘ಶನಿವಾರ ಕುಸ್ತಿ ಇರುತ್ತಲ್ಲೇ!’ ಎಂದೆ.

‘ಅದೇನು ಮಹಾ? ಎಲ್ಲ ಸುಳ್ಳು. ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡ್ಕೊಂಡಿರ್ತಾರೆ.’

‘ನಿಮ್ಮ ಭಾವನ ಕಟ್ಟಡ ನಿಜ ಇರಬಹುದು. ಆದ್ರೆ ನಿಜ ಅಂತ ನೋಡೋಕಾಗುತ್ತಾ?’

‘ಜಗಳ ಆಡೋದಾದ್ರೆ ಸ್ವಲ್ಪ ಈ ಕಡೆ ಬಂದು ಆಡಿ,’ ಎಂದಳು ಕಿಟಕಿಯ ಹತ್ತಿರ ಕೂತಿದ್ದ ನಮ್ಮಮ್ಮ. ‘ಅರ್ಧಂಬರ್ಧ ಕೇಳಿಸುತ್ತೆ.’

ಆ ಕಡೆ ಹೋಗಿ ಮುಂದುವರಿಸಿದೆವು. ಕೊನೆಗೆ ಒಂದು ಒಪ್ಪಂದವಾಯಿತು. ಆ ಶನಿವಾರ ಹೆಂಡತಿ ನನ್ನ ಪಕ್ಕ ಕೂತು ಒಂದೇ ಒಂದು ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕು. ಹಿಡಿಸಿದರೆ ಶನಿವಾರಗಳೆಲ್ಲ ನನ್ನವು. ಹಿಡಿಸದಿದ್ದರೆ ಷಡ್ಡಕರವು. ಅವಳು ಶಿಶುವಿಹಾರದ ಟೀಚರು. ಸಂಜೆ ಹೊತ್ತು ಮಕ್ಕಳಿಗೆಂದು ಬಣ್ಣದ ಕಾಗದದಲ್ಲಿ ಆನೆ, ಮೊಲ ಕತ್ತರಿಸುತ್ತ ಕೂರುತ್ತಾಳೆ. ಪಂದ್ಯ ಮುಗಿಯುವ ತನಕ ಕತ್ತರಿ ಮುಟ್ಟಬಾರದು ಎಂಬ ಷರತ್ತನ್ನೂ ಹಾಕಿದೆ. ಅವಳು ಒಪ್ಪಿದಳು.

ಈಗ ನನಗೆ ಭಯ ಶುರುವಾಯಿತು. ಇಡೀ ಬಾಳಿನ ಶನಿವಾರಗಳು ಒಂದು ಪಂದ್ಯದ ಮೇಲೆ ನಿಂತಿವೆ! ಸುಮ್ಮನೆ ತೋರಿಸಿದರೆ ಆಗದು, ತಿಳಿಯಹೇಳಬೇಕು ಎಂದು ನಿಶ್ಚಯಿಸಿದೆ. ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಗಾಜು ಹಿಡಿದಾಗಲೂ ಮನಸ್ಸಿನಲ್ಲಿ ಉಪನ್ಯಾಸ ಸಿದ್ಧವಾಗುತ್ತಿತ್ತು. (ಒಬ್ಬ ಮುದುಕರಿಗೆ ‘ಈಗ ಎಡಮೊಣಕಾಲು ಕಾಣುತ್ತಾ?’ ಎಂದು ಕೇಳಿಬಿಟ್ಟೆ. ಅವರು ಬಗ್ಗಿ ನೋಡಿ, ಕಾಣುತ್ತೆ ಎಂದರು.)

ಶನಿವಾರ ಬಂತು. ಅಮ್ಮ ಕಿಟಕಿ ಬಿಟ್ಟು ಟಿವಿಯ ಹತ್ತಿರಕ್ಕೆ ಕುರ್ಚಿ ಎಳೆಸಿಕೊಂಡಳು. ಹೆಂಡತಿ ಕತ್ತರಿಯನ್ನು ಮೇಜಿನ ಮೇಲಿಟ್ಟು, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಕೂತಳು. ನಾನು ಗಂಟಲು ಸರಿಮಾಡಿಕೊಂಡೆ.

‘ನೋಡು, ಈ ಮಲ್ಲವಿದ್ಯೆಯಲ್ಲಿ ಮುಖ್ಯವಾಗಿ ಎರಡು ಪಂಥ. ಒಂದು ಭೂಪಂಥ, ಇನ್ನೊಂದು ವಾಯುಪಂಥ.’

‘ವಾಯು ಅಂದ್ರೆ, ಹೊಟ್ಟೇದಾ?’

‘ಗಾಳಿ ಕಣೇ, ಗಾಳಿ! ವಾಯುಪಂಥದವರು ಹಾರ್ತಾರೆ. ಭೂಪಂಥದವರು ನೆಲ ಬಿಟ್ಟು ಏಳಲ್ಲ, ಎದುರಾಳಿಯನ್ನೂ ಏಳೋಕೆ ಬಿಡಲ್ಲ. ಇವತ್ತು ಈ ಎರಡು ಪಂಥಗಳ ಮಹಾಸಂಘರ್ಷ.’

ಅಷ್ಟರಲ್ಲಿ ಇಬ್ಬರೂ ರಿಂಗಿಗೆ ಬಂದರು. ಮೊದಲನೆಯವನನ್ನು ಎಲ್ಲರೂ ಗಂಟು ಮಾಸ್ತರ ಎನ್ನುತ್ತಾರೆ. ಬೋಳುತಲೆ, ಕಪ್ಪು ಚಡ್ಡಿ, ಲೆಕ್ಕದ ಪಾಠಕ್ಕೆ ಬಂದಂಥ ಮುಖ. ಎದುರಾಳಿಯ ಕೈಕಾಲುಗಳನ್ನು ಒಂದಕ್ಕೊಂದು ಸೇರಿಸಿ ಗಂಟು ಹಾಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಎರಡನೆಯವನು ಮಿಡತೆ. ಹಸಿರು ಮುಖವಾಡ, ಹಸಿರು ಬಿಗಿಯುಡುಪು. ರಿಂಗಿಗೆ ಹತ್ತಲು ಮೆಟ್ಟಿಲಿದ್ದರೂ ಹಗ್ಗದ ಮೇಲಿನಿಂದ ಹಾರಿಯೇ ಬಂದ.

‘ಅಯ್ಯೋ, ಎಷ್ಟು ಸಣ್ಣಗಿದ್ದಾನೆ!’ ಎಂದಳು ಅಮ್ಮ. ‘ಇವನನ್ನ ಹೆತ್ತವಳು ನೋಡ್ತಾ ಇದ್ದಾಳೋ ಏನೋ.’

ಮಿಡತೆ ಮೊದಲು ಮಾಸ್ತರನನ್ನು ಚೆನ್ನಾಗಿ ಆಟವಾಡಿಸಿದ. ಹಗ್ಗಕ್ಕೆ ಬೆನ್ನು ಕೊಟ್ಟು ಚಿಮ್ಮಿ ಬಂದು ಒದ್ದ, ಭುಜದ ಮೇಲಿಂದ ಪಲ್ಟಿ ಹೊಡೆದ, ಹಿಂದಿನಿಂದ ಬಂದು ತಲೆ ತಟ್ಟಿ ಓಡಿದ. ಜನ ಕೇಕೆ ಹಾಕಿದರು. ಮಾಸ್ತರ ಅವಸರ ಮಾಡಲಿಲ್ಲ. ಮಿಡತೆ ಮತ್ತೊಮ್ಮೆ ಒದೆಯಲು ಕಾಲೆತ್ತಿದಾಗ ಆ ಕಾಲನ್ನು ಮೆಲ್ಲಗೆ ಹಿಡಿದುಕೊಂಡ. ಹಿಡಿದವನು ಬಿಡಲಿಲ್ಲ. ನೆಲಕ್ಕೆ ಕೆಡವಿ, ಎಡಮೊಣಕಾಲನ್ನು ಒಂದು ಕಡೆಗೆ ತಿರುಚಿದ, ಇನ್ನೊಂದು ಕಡೆಗೆ ಮಡಚಿದ, ಅದರ ಮೇಲೆ ಕೂತ.

‘ಇದೇನ್ರೀ, ಬೇರೆ ಕೆಲಸ ಇಲ್ವಾ ಇವನಿಗೆ? ಒಂದೇ ಮೊಣಕಾಲು ಹಿಡ್ಕೊಂಡು ಕೂತಿದ್ದಾನೆ,’ ಎಂದು ಹೆಂಡತಿ ಕತ್ತರಿಯ ಕಡೆ ನೋಡಿದಳು.

ನಾನು ಕತ್ತರಿಯನ್ನು ದೂರ ಸರಿಸಿದೆ. ‘ಅಲ್ಲೇ ಇರೋದು ಮರ್ಮ! ಹಾರುವವನ ಬಂಡವಾಳ ಯಾವುದು? ಮೊಣಕಾಲು. ರೆಕ್ಕೆ ಕಿತ್ತರೆ ಹಕ್ಕಿ ನೆಲಕ್ಕೆ ಬರುತ್ತೆ, ನೆಲ ಮಾಸ್ತರನದು. ಅವನು ಮೊಣಕಾಲು ತಿರುಚ್ತಾ ಇಲ್ಲ, ಪಂದ್ಯವನ್ನೇ ತನ್ನ ಕಡೆ ತಿರುಗಿಸಿಕೊಳ್ತಾ ಇದ್ದಾನೆ. ಈಗ ಮಿಡತೆ ಎದ್ದಾಗ ನೋಡು, ಓಡೋದರಲ್ಲಿ ವ್ಯತ್ಯಾಸ ಬಂದಿರುತ್ತೆ.’

ಮಿಡತೆ ಎದ್ದ. ಹಗ್ಗದ ಕಡೆಗೆ ಓಡಿದ. ಎಡಗಾಲು ಎಳೆಯುತ್ತಿತ್ತು. ಅರ್ಧ ದಾರಿಯಲ್ಲಿ ಕುಸಿದು, ಮೊಣಕಾಲು ಹಿಡಿದುಕೊಂಡು ಜನರ ಕಡೆಗೊಮ್ಮೆ ನೋಡಿ ಮುಖ ಹಿಂಡಿದ.

‘ಓಹೋ!’ ಎಂದಳು ಹೆಂಡತಿ. ಅವಳ ಮುಖದಲ್ಲಿ ಮೊದಲ ಸಲ ಬೆಳಕು ಕಂಡಿತು. ‘ನಮ್ಮ ಮಕ್ಕಳೂ ಹೀಗೇ ರೀ. ಬಿದ್ದ ತಕ್ಷಣ ಅಳಲ್ಲ. ಟೀಚರ್ ನೋಡ್ತಿದ್ದಾರಾ ಅಂತ ಮೊದಲು ನೋಡಿ, ಆಮೇಲೆ ಅಳೋದು. ಆದ್ರೆ ಇವನು ಎಷ್ಟು ಚೆನ್ನಾಗಿ ಮಾಡ್ತಾನೆ! ಎಡಗಾಲು ಹಿಡ್ಕೋಬೇಕಾದ್ದು ಮರೆತು ಬಲಗಾಲು ಹಿಡ್ಕೊಳ್ಳೋ ಪೈಕಿ ಅಲ್ಲ.’

‘ಅಯ್ಯೋ ಮಗು, ಎಣ್ಣೆ ಹಚ್ಚಿ ತಿಕ್ಕೋರು ಯಾರೂ ಇಲ್ವಾ ಅಲ್ಲಿ?’ ಎಂದು ಅಮ್ಮ ಟಿವಿಯನ್ನೇ ಕೇಳಿದಳು.

ಅಲ್ಲಿಂದಾಚೆಗೆ ನನ್ನ ಉಪನ್ಯಾಸ ಬೇಕಾಗಲಿಲ್ಲ. ಹೆಂಡತಿ ಒಂದೊಂದೇ ಇಂಚು ಮುಂದಕ್ಕೆ ಸರಿಯುತ್ತ ಸೋಫಾದ ಅಂಚಿಗೆ ಬಂದಿದ್ದಳು. ಮಿಡತೆ ಕುಂಟುತ್ತಲೇ ರಿಂಗಿನ ಮೂಲೆಯ ಕಂಬ ಹತ್ತತೊಡಗಿದ. ‘ಬೇಡ್ವೋ! ಆ ಕಾಲಲ್ಲಿ ಹತ್ತಬೇಡ್ವೋ!’ ಎಂದು ಕೂಗಿಬಿಟ್ಟಳು. ಅವನು ತುದಿಗೆ ಹೋಗಿ ನಿಂತ, ಮೊಣಕಾಲು ಮಡಚಿಕೊಂಡಿತು, ಮೇಲಿಂದ ಚೀಲದ ಹಾಗೆ ಬಿದ್ದ. ನಮ್ಮ ಮನೆಯಲ್ಲಿ ಮೂರು ಜನರೂ ಒಟ್ಟಿಗೆ ‘ಅಯ್ಯೋ’ ಎಂದೆವು.

ಈಗ ಮಾಸ್ತರ ಅವನನ್ನು ಗಂಟು ಹಾಕಿದ್ದರೆ ಆಗಿಹೋಗುತ್ತಿತ್ತು. ಹಾಕಲಿಲ್ಲ. ಆ ಖಾಲಿ ಕಂಬದ ಕಡೆ ನೋಡಿದ. ಜನರ ಕಡೆ ನೋಡಿದ. ಜನ್ಮದಲ್ಲಿ ನೆಲ ಬಿಡದ ಮನುಷ್ಯ, ನಿಧಾನವಾಗಿ ಕಂಬ ಹತ್ತತೊಡಗಿದ! ಅಲ್ಲಿದ್ದವರೆಲ್ಲ ಎದ್ದು ನಿಂತರು. ನಾನೂ ಲೋಟ ಹಿಡಿದುಕೊಂಡೇ ಎದ್ದೆ. ಅವನು ಕೈ ಚಾಚಿ ಹಾರಿದ. ಮಿಡತೆ ಪಕ್ಕಕ್ಕೆ ಹೊರಳಿಕೊಂಡ. ಮಾಸ್ತರ ಬರಿಯ ನೆಲದ ಮೇಲೆ ದಬಾರನೆ ಬಿದ್ದ. ಹಾರಲಾರದ ಮಿಡತೆ ಅವನ ಕೈಯನ್ನೂ ಕತ್ತನ್ನೂ ಸೇರಿಸಿ ಮಾಸ್ತರನದೇ ಗಂಟನ್ನು ಮಾಸ್ತರನಿಗೇ ಹಾಕಿದ. ಮಾಸ್ತರ ನೆಲ ತಟ್ಟಿ ಸೋಲೊಪ್ಪಿಕೊಂಡ.

ನಾನು ಉಸಿರು ಬಿಗಿಹಿಡಿದು ಹೆಂಡತಿಯ ಕಡೆ ತಿರುಗಿದೆ.

‘ಹಿಡಿಸ್ತು ರೀ,’ ಎಂದಳು. ‘ಶನಿವಾರ ನಿಮ್ಮದು.’

ನನಗಾದ ಸಂತೋಷವನ್ನು ಏನೆಂದು ಹೇಳಲಿ! ಆಗಲೇ ಟಿವಿ ಆರಿಸಿ ಊಟಕ್ಕೆ ಏಳಬೇಕಾಗಿತ್ತು. ಏಳಲಿಲ್ಲ. ಗೆದ್ದ ಗಂಡಸಿಗೆ ಬಾಯಿ ಮುಚ್ಚುವುದು ಎಷ್ಟು ಕಷ್ಟ ಎಂಬುದು ನಿಮಗೂ ಗೊತ್ತಿರಬಹುದು.

‘ಯಾರು ಗೆದ್ದರು ಅಂತ ಎಲ್ಲರಿಗೂ ಕಾಣುತ್ತೆ,’ ಎಂದು ಶುರು ಮಾಡಿದೆ. ‘ಸೋತವನನ್ನ ನೋಡಬೇಕು. ಇವತ್ತಿನ ಮಹಾಕಲಾವಿದ ಮಾಸ್ತರ. ಹಾರೋಕೆ ಬರದವನ ಹಾಗೆ ಹಾರೋದು, ಮೈಗೆ ಪೆಟ್ಟಾಗದ ಹಾಗೆ ಬೀಳೋದು, ಆದ್ರೆ ನೋಡೋರಿಗೆ ಪ್ರಾಣ ಹೋಯ್ತು ಅನ್ನಿಸೋದು, ಸುಲಭ ಅಂದ್ಕೊಂಡ್ಯಾ? ಎತ್ತಿ ಒಗೆಯೋನ ತಾಕತ್ತು ಅರ್ಧ. ಒಗೆಸಿಕೊಳ್ಳೋನು ತಾನೇ ಕಾಲು ಮೀಟಿ ಎದ್ದರೆ ತಾನೇ ಅವನು ಎತ್ತೋದು? ಸೋಲೋಕೆ ಬರೋನು ಸಿಗದಿದ್ರೆ ಗೆಲ್ಲೋನು ಬರೀ ಗಾಳಿಗೆ ಗುದ್ದಬೇಕು.’

‘ಹೌದಾ?’ ಎಂದಳು ಹೆಂಡತಿ. ಅವಳ ದನಿ ಯಾಕೋ ತುಂಬಾ ಮೃದುವಾಗಿತ್ತು. ‘ಗೆದ್ದವನಿಗೆ ಅದು ಗೊತ್ತಿರುತ್ತಾ ರೀ?’

‘ಒಳ್ಳೆಯವರಿಗೆ ಗೊತ್ತಿರುತ್ತೆ. ಕೆಲವು ಬೆಪ್ಪುತಕ್ಕಡಿಗಳು ಮಾತ್ರ ತಮ್ಮ ತೋಳಿನ ಬಲದಿಂದಲೇ ಗೆದ್ದೆವು ಅಂದ್ಕೊಂಡು ಬೀಗ್ತಾ ಇರ್ತವೆ. ಅಂಥವರಿಗೆ ಏನು ಹೇಳೋದು?’

‘ಏನೂ ಹೇಳಬಾರದು, ಪಾಪ,’ ಎಂದಳು ಹೆಂಡತಿ.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು. ನನಗೆ ಏನೋ ಅನುಮಾನ ಹತ್ತಿತು.

‘ಯಾಕಮ್ಮ ನಗ್ತೀಯ?’

‘ನಾನೆಲ್ಲಿ ನಕ್ಕೆ? ಕೆಮ್ಮು.’

ಹೆಂಡತಿಯ ಮುಖವನ್ನು ಮತ್ತೊಮ್ಮೆ ನೋಡಿದೆ. ಅವಳು ನನ್ನನ್ನು ಶಿಶುವಿಹಾರದ ಮಗುವೊಂದನ್ನು ನೋಡುವ ಹಾಗೆ ನೋಡುತ್ತಿದ್ದಳು. ಮೆಲ್ಲಗೆ ಹಳೆಯ ಪಂದ್ಯಗಳೆಲ್ಲ ನೆನಪಾಗತೊಡಗಿದವು.

‘ಕಿಟಕಿ ಪರದೆ ನೀಲಿದೇ ಆಗಬೇಕು ಅಂತ ನಾನು ಗರ್ಜಿಸಿದಾಗ, ನೀನು ಮಾತಾಡದೆ ಒಳಗೆ ಹೋಗಿ ಕೂತೆಯಲ್ಲ?’

‘ಕಾಲು ನೋಯ್ತಿತ್ತು. ಕೂತೆ.’

‘ಪರದೆ ನೀಲಿನೇ ಬಂತಲ್ಲ?’

‘ಅಂಗಡಿಯಲ್ಲಿ ನೀಲಿ ಬಿಟ್ರೆ ಬೇರೆ ಇರಲಿಲ್ಲ.’

‘ಇದೇ ಮನೆ ಬೇಕು ಅಂತ ನಾನು ಪಟ್ಟು ಹಿಡಿದಾಗ ನೀನು ಕಣ್ಣಲ್ಲಿ ನೀರು ಹಾಕಿದ್ದೆಯಲ್ಲ?’

‘ಅದು ಖುಷಿಗೆ. ನನಗೂ ಇದೇ ಬೇಕಿತ್ತು. ನಾನು ಬೇಕು ಅಂದಿದ್ರೆ ನೀವು ಬೇಡ ಅಂತಿದ್ರಿ.’

ನಿಜ ಹೇಳುತ್ತೇನೆ, ನನಗೆ ಬಹಳ ಬೇಜಾರಾಯಿತು. ಇಷ್ಟು ವರ್ಷ ಈ ಮನೆಯ ಪೈಲ್ವಾನ ನಾನೆಂದು ಓಡಾಡಿಕೊಂಡಿದ್ದೆ. ಎತ್ತಿ ಒಗೆದೆ ಒಗೆದೆ ಎಂದುಕೊಂಡಾಗಲೆಲ್ಲ ಅವಳೇ ಕಾಲು ಮೀಟಿ ಎದ್ದಿದ್ದಳು.

‘ಹಾಗಾದ್ರೆ ಈಗ ಹಿಡಿಸ್ತು ಅಂದದ್ದು?’ ಎಂದು ಕೇಳಿದೆ. ‘ಅದಾದರೂ ನಿಜವೋ, ಅದೂ ನಾಟಕವೋ?’

‘ಊಟಕ್ಕೆ ಏಳಿ ರೀ. ತಣ್ಣಗಾಗುತ್ತೆ.’

ನಾನು ಏಳಲಿಲ್ಲ. ಸ್ವಾಭಿಮಾನ ಕೆರಳಿತು. ಈ ಮನೆಯಲ್ಲಿ ಸೋಲುವ ಕಲೆ ಇವಳೊಬ್ಬಳಿಗೇ ಬರುವುದೋ? ವಿದ್ಯೆಯ ಸಿದ್ಧಾಂತವನ್ನೆಲ್ಲ ವಿವರಿಸಿದವನು ನಾನು! ನಾನೂ ಒಮ್ಮೆ ಭವ್ಯವಾಗಿ ಬಿದ್ದು ತೋರಿಸಬೇಕು ಎನಿಸಿತು. ಲೆಕ್ಕ ಸುಲಭವಾಗಿತ್ತು. ನಾನು ಉದಾರವಾಗಿ ಶನಿವಾರವನ್ನು ಬಿಟ್ಟುಕೊಡುತ್ತೇನೆ ಎನ್ನುವುದು, ಅವಳು ಕರಗಿ, ‘ಛೇ ಛೇ, ಬೇಡ ರೀ, ನೀವು ಕುಸ್ತಿ ನೋಡಿ’ ಎನ್ನುವುದು. ಶನಿವಾರವೂ ಉಳಿಯಿತು, ಮಾನವೂ ಬಂತು.

‘ಕೇಳು,’ ಎಂದೆ, ಎದ್ದು ನಿಂತು. ‘ಗೆದ್ದದ್ದನ್ನ ನಾನು ಬಿಟ್ಟುಕೊಡ್ತಾ ಇದ್ದೀನಿ. ಮುಂದಿನ ಶನಿವಾರದಿಂದ ಅಕ್ಕನ ಮನೆಗೇ ಹೋಗೋಣ!’

‘ನಿಜವಾಗ್ಲೂ?’

‘ನಿಜವಾಗ್ಲೂ.’

‘ಆಮೇಲೆ ಮಾತು ಬದಲಾಯಿಸಬಾರದು.’

‘ನಾನಾ? ಬದಲಾಯಿಸೋದಾ?’ ಎಂದು ನಕ್ಕು, ಅವಳು ಕರಗುವುದನ್ನು ಕಾದೆ.

‘ಆಗಲಿ ಬಿಡಿ. ನೀವು ಇಷ್ಟು ಹೇಳಿದ ಮೇಲೆ ನಾನು ಬೇಡ ಅನ್ನಲ್ಲ,’ ಎಂದು ಹೆಂಡತಿ ಅಲ್ಲೇ ಅಕ್ಕನಿಗೆ ಫೋನು ಮಾಡಿದಳು. ‘ಅಕ್ಕ, ಬರ್ತೀವಿ ಕಣೆ. ಅವರೇ ಹೋಗೋಣ ಅಂತಿದ್ದಾರೆ. ಹೌದೇ, ಅವರೇ!’

ಮುಂದಿನ ಶನಿವಾರ ನಾನು ಕತ್ತಲೆ ಕೋಣೆಯಲ್ಲಿ, ಷಡ್ಡಕರ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಬಿದ್ದದ್ದು ಬಿದ್ದಾಗಿದೆ, ಕಲಾವಿದನಂತೆ ಬೀಳೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಗೋಡೆಯ ಮೇಲೆ ಮೊದಲ ಫೋಟೊ ಬಂತು. ಹಿಂದೆ ಕಟ್ಟಡ, ಮುಂದೆ ಷಡ್ಡಕರು. ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದು, ಮುಂದಕ್ಕೆ ಬಾಗಿ, ಉಸಿರೆಳೆದು, ‘ಅಬ್ಬಬ್ಬಾ! ಎಂಥಾ ಕಂಬಗಳು!’ ಎಂದೆ. ಎರಡನೆಯದಕ್ಕೆ ಎದೆಯ ಮೇಲೆ ಕೈಯಿಟ್ಟುಕೊಂಡೆ. ಮೂರನೆಯದಕ್ಕೆ ಎದ್ದೇ ನಿಂತೆ.

ಷಡ್ಡಕರು ಯಂತ್ರ ನಿಲ್ಲಿಸಿದರು. ನನ್ನನ್ನೇ ನೋಡಿದರು. ಅವರ ಕಣ್ಣು ತೇವವಾಗಿತ್ತು.

‘ಇಷ್ಟು ಆಸಕ್ತಿಯಿಂದ ನೋಡೋರು ನನಗೆ ಇವತ್ತಿನ ತನಕ ಸಿಕ್ಕಿರಲಿಲ್ಲ,’ ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ‘ಒಳಗೆ ಇನ್ನೂ ಎರಡು ಪೆಟ್ಟಿಗೆ ಫೋಟೊ ಇವೆ. ಯಾರಿಗೂ ತೋರಿಸಿಲ್ಲ. ಶನಿವಾರ ಒಂದೇ ದಿನ ಸಾಲದು. ಭಾನುವಾರನೂ ಬಿಡುವು ಮಾಡ್ಕೋತೀರಾ?’

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹೇಳಿದಳು: ‘ಬಿಡುವೇ ಭಾವ. ಕಟ್ಟಡ ಅಂದ್ರೆ ಅವರಿಗೆ ಪ್ರಾಣ.’