ಗೋದಾಮಿನಲ್ಲಿ ಹಾಲಿವುಡ್

ಕ್ಯಾಮೆರಾ ಹಿಡಿದು ನಿಂತವನನ್ನು ಹುಡುಕಿಕೊಂಡು ತಮಾಷೆ ತಾನಾಗಿಯೇ ಬರುತ್ತದೆ. ಕುವೈತಿನಲ್ಲಂತೂ ಅದಕ್ಕೆ ವಾಸದ ಪರವಾನಗಿ, ಅಂದರೆ ಇಕಾಮಾ ಕೂಡ ಬೇಕಾಗಿಲ್ಲ.

ಹೊಟ್ಟೆಪಾಡಿಗೆ ನಾನು ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರಿನ ಬಿಡಿಭಾಗಗಳ ಗೋದಾಮು ನೋಡಿಕೊಳ್ಳುವವನು. ಆದರೆ ನಾನಿರುವ ಅಬ್ಬಾಸಿಯಾದ ಕಡೆ ಬಂದು ಸ್ಟೋರ್ ಕೀಪರ್ ಎಲ್ಲಿ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, 'ಹಾಲಿವುಡ್ ಡೈರೆಕ್ಟರ್' ಎಂದರೆ ಕಿರಾಣಿ ಅಂಗಡಿಯವನೂ ನಮ್ಮ ಮನೆಯ ಮೆಟ್ಟಿಲು ತೋರಿಸುತ್ತಾನೆ. ಈ ಬಿರುದು ಸುಮ್ಮನೆ ಬಂದದ್ದಲ್ಲ. ಒಂದು ಕಾಲದಲ್ಲಿ ಅಮೆರಿಕದಲ್ಲಿ ಹಾಡು-ಕುಣಿತದ ಸಿನಿಮಾ ಮಾಡುತ್ತಿದ್ದ ನಿರ್ದೇಶಕನೊಬ್ಬನ ಕಥೆಯನ್ನು ನಾನು ಫೋನಿನಲ್ಲಿ ನೋಡಿದ್ದೆ. ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವನು ಹಾಲಿವುಡ್ಡಿಗೆ ಹೋಗಿ, ದಂಡು ಕಟ್ಟಿಕೊಂಡು ಕುಣಿಸಿ, ದೊಡ್ಡ ಹೆಸರು ಮಾಡಿದ. ಪರದೆ ಎಳೆಯುವವನಿಗೆ ಆಗುತ್ತದಾದರೆ ಗೇರ್‌ಬಾಕ್ಸ್ ಎಣಿಸುವವನಿಗೆ ಯಾಕಾಗಬಾರದು ಎಂದು ಅವತ್ತೇ ನಿರ್ಧರಿಸಿದೆ.

ನಮ್ಮ ಕರಾವಳಿಯವರ ಸಂಘದ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ನನ್ನದೊಂದು ಸಂಗೀತ ನಾಟಕ ಇರುತ್ತಿತ್ತು. ಚೆನ್ನಾಗಿಯೇ ಇರುತ್ತಿತ್ತು. ಆದರೆ ಅರ್ಧ ನಾಟಕ ಆಗುವಷ್ಟರಲ್ಲಿ ಹಿಂದಿನಿಂದ ಕೋಳಿ ಸುಕ್ಕದ ಪರಿಮಳ ಬರುತ್ತಿತ್ತು, ಜನ ಎದ್ದು ತಟ್ಟೆ ಹಿಡಿಯುತ್ತಿದ್ದರು, ನಾಯಕಿ ಖಾಲಿ ಕುರ್ಚಿಗಳ ಎದುರು ಸಾಯುತ್ತಿದ್ದಳು. ಕಳೆದ ಸಲದ ಮೀಟಿಂಗಿನಲ್ಲಿ ಸಂಘದ ಅಧ್ಯಕ್ಷರು ತೀರ್ಪು ಕೊಟ್ಟರು:

"ಈ ಸಲ ಸಿನಿಮಾ ಮಾಡ್ತೀರಂತೆ, ಮಾಡಿ. ಆದ್ರೆ ಅದು ಮುಗಿಯುವ ಮೊದಲು ಜನ ಊಟಕ್ಕೆ ಎದ್ರೆ ನಿಮ್ಮ ಹಾಡು-ಕುಣಿತ ಎಲ್ಲ ಖಲಾಸ್. ಮುಂದಿನ ವರ್ಷದಿಂದ ಊರಿನಿಂದ ಆರ್ಕೆಸ್ಟ್ರಾ ತರಿಸುದು."

ನನಗೆ ಅವತ್ತು ಮನೆಗೆ ಬಂದ ಮೇಲೆ ಚಹಾ ಕೂಡ ಸೇರಲಿಲ್ಲ. ವಾರವಿಡೀ ಗೋದಾಮಿನಲ್ಲಿ ದುಡಿಯುವ ನನಗೆ ಇದ್ದದ್ದು ಇದೊಂದೇ ಸಂತೋಷ. ಅದನ್ನೂ ಸುಕ್ಕಕ್ಕೆ ಬಿಟ್ಟುಕೊಡುವುದೇ? ಸಾಧ್ಯವಿಲ್ಲ ಎಂದೆ. ಹೆಂಡತಿ, "ಹಾಗಾದ್ರೆ ಚಹಾ ಕುಡಿದು ಶುರು ಮಾಡಿ" ಎಂದಳು.

ಯಾರ ಬಲ, ಯಾರ ಎಡ

ಹಾಲಿವುಡ್ಡಿನವನ ಕುಣಿತಗಾರರೆಲ್ಲ ಒಂದೇ ಸ್ಟುಡಿಯೋದಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ ಮಾಡುತ್ತಿದ್ದರಂತೆ. ನಮ್ಮವರು ಎರಡು ಕಡೆ ಹಂಚಿ ಹೋಗಿದ್ದರು. ಅಬ್ಬಾಸಿಯಾದ ಹೆಂಗಸರು ಶುಕ್ರವಾರ ನಮ್ಮ ಮನೆಗೆ ಬಂದು ಕಲಿತರು. ನಾನು ಅವರಿಗೆ ಬೆನ್ನು ಹಾಕಿ ನಿಂತು ಹೆಜ್ಜೆ ತೋರಿಸಿದೆ, ಅವರು ಹಿಂದಿನಿಂದ ನೋಡಿ ಹಾಗೆಯೇ ಮಾಡಿದರು. ಸಾಲ್ಮಿಯಾದವರಿಗೆ ಅಷ್ಟು ದೂರ ಬರಲು ಆಗಲಿಲ್ಲ. ಅವರಿಗೆ ಫೋನಿನ ಎದುರು ನಿಂತು ಕುಣಿದು ವೀಡಿಯೋ ಕಳಿಸಿದೆ. ಎದುರು ನಿಂತವನ ಬಲಗೈ ನೋಡುವವರಿಗೆ ಎಡಕ್ಕೆ ಕಾಣುತ್ತದೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಎರಡೂ ತಂಡ ಮೊದಲ ಸಲ ಒಟ್ಟಿಗೆ ನಿಂತ ದಿನ, ಹಾಡು ಶುರುವಾಯಿತು, ಅಬ್ಬಾಸಿಯಾ ಬಲಕ್ಕೆ ಹೋಯಿತು, ಸಾಲ್ಮಿಯಾ ಎಡಕ್ಕೆ ಬಂತು. ಮುಂದಿನ ಸಾಲಿನ ಇಬ್ಬರ ಹಣೆ ಢಿಕ್ಕಿ ಹೊಡೆಯಿತು. ಒಬ್ಬರು "ಅಯ್ಯಮ್ಮ" ಎಂದರು, ಇನ್ನೊಬ್ಬರು ಕೊಂಕಣಿಯಲ್ಲಿ "ಸಾಯ್ಬಾ, ಭೊಗೊಸ್!" ಎಂದು ದೇವರಲ್ಲಿ ಕ್ಷಮೆ ಕೇಳಿದರು.

"ಸರ್ ನಮಗೆ ಖುದ್ದಾಗಿ ಕಲಿಸಿದ್ದು," ಎಂದರು ಅಬ್ಬಾಸಿಯಾದವರು.

"ನಮ್ಮ ಹತ್ರ ವೀಡಿಯೋ ಉಂಟು, ಬೇಕಾದ್ರೆ ನೋಡಿ," ಎಂದರು ಸಾಲ್ಮಿಯಾದವರು.

ಇಬ್ಬರೂ ಬದಲಾಯಿಸಲು ತಯಾರಿಲ್ಲ. ಹೆಂಗಸರ ಎರಡು ತಂಡದ ನಡುವೆ ನಿಂತು ನ್ಯಾಯ ಹೇಳುವಷ್ಟು ಧೈರ್ಯ ನನಗೂ ಇಲ್ಲ. ಕೊನೆಗೆ ಒಂದು ತಂಡವನ್ನು ಈ ಕಡೆ, ಇನ್ನೊಂದನ್ನು ಆ ಕಡೆ ನಿಲ್ಲಿಸಿ, "ಹಾಗೆಯೇ ಕುಣಿಯಿರಿ" ಎಂದೆ. ನೋಡಿದರೆ ದೊಡ್ಡ ಬಾಗಿಲೊಂದು ತೆರೆದು ಮುಚ್ಚಿದ ಹಾಗೆ ಎರಡೂ ಸಾಲು ದೂರ ಹೋಗುತ್ತವೆ, ಹತ್ತಿರ ಬರುತ್ತವೆ. ನೋಡುತ್ತಿದ್ದವರೆಲ್ಲ ಚಪ್ಪಾಳೆ ಹೊಡೆದರು. "ಎಂಥ ಐಡಿಯಾ ಮಾರ್ರೆ ನಿಮ್ಮದು!" ಎಂದರು ಅಧ್ಯಕ್ಷರ ಹೆಂಡತಿ. ನಾನು ಕನ್ನಡಕ ಸರಿಮಾಡಿಕೊಂಡು, "ಹಾಲಿವುಡ್ ಟೆಕ್ನಿಕ್" ಎಂದೆ.

ಮರುವಾರ ಎರಡೂ ತಂಡದವರು ಒಟ್ಟಿಗೆ ಬಂದು ಕೇಳಿದರು: "ಸರ್, ಮುಂದಿನ ಹಾಡಿನಲ್ಲಿ ತಪ್ಪು ಮಾಡುದು ಯಾರು? ಮೊದಲೇ ಹೇಳಿದ್ರೆ ಪ್ರಾಕ್ಟೀಸ್ ಮಾಡ್ಬಹುದಿತ್ತು."

ಡ್ಯೂಟಿ ಮತ್ತು ಪ್ರೀತಿ

ನಮ್ಮ ನಾಯಕ ಕಾರ್ ಶೋರೂಮಿನಲ್ಲಿ ಸೇಲ್ಸ್‌ಮನ್, ರಜೆ ಶುಕ್ರವಾರ ಮಾತ್ರ. ನಾಯಕಿ ಜಹ್ರಾದ ಕ್ಲಿನಿಕ್ಕಿನಲ್ಲಿ ನರ್ಸ್, ಅವಳ ರಜೆ ಯಾವ ದಿನ ಬರುತ್ತದೆಂದು ಅವಳಿಗೇ ಗೊತ್ತಿರುವುದಿಲ್ಲ. ಇಬ್ಬರಿಗೂ ಒಟ್ಟಿಗೆ ರಜೆ ಸಿಗಲಿ ಎಂದು ಕಾದಿದ್ದರೆ ಪ್ರೇಮಗೀತೆಯ ಹೊತ್ತಿಗೆ ಇಬ್ಬರೂ ನಿವೃತ್ತರಾಗುತ್ತಿದ್ದರು. ಹಾಗಾಗಿ ಅವನ ಭಾಗ ಒಂದು ದಿನ, ಅವಳ ಭಾಗ ಇನ್ನೊಂದು ದಿನ ತೆಗೆದು ಜೋಡಿಸುವುದೆಂದು ಮಾಡಿದೆ.

ನಾಯಕನ ಭಾಗದಲ್ಲಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಲ್ಲಲು ಒಬ್ಬರು ಬೇಕಿತ್ತು. ನಾಯಕನ ಹೆಂಡತಿ ತಾನೇ ಮುಂದೆ ಬಂದರು. "ಕೈ ಹಿಡಿಯುವ ಸೀನ್ ಅಲ್ವಾ? ನಾನೇ ನಿಲ್ತೇನೆ" ಎಂದರು. ಅದರಲ್ಲಿ ಚರ್ಚೆಗೆ ಜಾಗವಿರಲಿಲ್ಲ.

ನಾಯಕನ ಮುಖದಲ್ಲಿ ವಿರಹ ಬರಲೇ ಇಲ್ಲ. ಕಾರು ಮಾರುವ ನಗುವೇ ಬರುತ್ತಿತ್ತು. ಐದಾರು ಸಲ ತೆಗೆದೆವು. ಆಮೇಲೆ ಇದ್ದಕ್ಕಿದ್ದಂತೆ ಅವನ ಕಣ್ಣು ತುಂಬಿತು, ತುಟಿ ನಡುಗಿತು. ನಾನು ಸಂತೋಷದಿಂದ "ಕಟ್" ಎಂದು ಕೂಗಿ ಓಡಿ ಹೋಗಿ ಅಪ್ಪಿಕೊಂಡೆ.

"ಎಂಥ ಅಭಿನಯ! ಏನು ನೆನಪಿಸಿಕೊಂಡೆ?"

"ಎಂಥದೂ ಇಲ್ಲ. ನಾಡಿದ್ದು ಇವಳ ಅಮ್ಮ ಬರ್ತಾರಂತೆ, ಮೂರು ತಿಂಗಳ ವಿಸಿಟ್ ವೀಸಾದಲ್ಲಿ. ಈಗ ಹೇಳಿದ್ಲು."

ನಾಯಕಿಯ ಸರದಿ ಮಂಗಳವಾರ ಬಂತು. ಎದುರಿಗೆ ನಿಲ್ಲಲು ಯಾರೂ ಸಿಗಲಿಲ್ಲ. ಗೋದಾಮಿನ ನೀರಿನ ಕೂಲರಿಗೆ ನಾಯಕನ ಶರ್ಟು ತೊಡಿಸಿ ನಿಲ್ಲಿಸಿದೆ. ಆ ಹುಡುಗಿ ಕೂಲರನ್ನು ನೋಡಿ ಹಾಡಿದ ರೀತಿಗೆ ಕಲ್ಲೂ ಕರಗಬೇಕು. ಮುಗಿದ ಮೇಲೆ ಅವಳು, "ಸರ್, ಇವರೇ ಒಳ್ಳೆಯವರು. ನಾವು ಮಾತಾಡುವಾಗ ಫೋನ್ ನೋಡುದಿಲ್ಲ" ಎಂದಳು.

ಎರಡನ್ನೂ ಜೋಡಿಸಿದಾಗ ಅಂಥ ಜೋಡಿ ಇನ್ನೊಂದಿಲ್ಲ ಎನ್ನುವ ಹಾಗೆ ಬಂತು. ನಾಯಕನ ಹೆಂಡತಿ ಕಂಪ್ಯೂಟರಿನ ಎದುರು ಕೂತು ಪೂರ್ತಿ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ನನ್ನನ್ನು ನೋಡಿ ಇಷ್ಟು ಚೆಂದ ಮುಖ ಮಾಡ್ಲಿಕ್ಕೆ ನಿಮಗೆ ಬರ್ತದೆ ಅಂತಾದ್ರೆ, ಮನೆಯಲ್ಲಿ ಎಂಥಕ್ಕೆ ಮಾಡುದಿಲ್ಲ?"



ವಿಮರ್ಶೆ

ನಾಯಕಿ ಒಂಟಿಯಾಗಿ ನಿಂತು ದುಃಖದಿಂದ ಹಾಡುವ ಹಾಡಿಗೆ ಹಿಂದೆ ಇಡೀ ಅಬ್ಬಾಸಿಯಾ ತಂಡವನ್ನು ಕುಣಿಸಿದ್ದೆ. ನಾಯಕನ ಪುಟ್ಟ ಮಗಳು ನೋಡುತ್ತಾ ಕೇಳಿದಳು: "ಅಂಕಲ್, ಶಿ ಈಸ್ ಅಲೋನ್, ರೈಟ್? ದೆನ್ ಹೂ ಆರ್ ದೀಸ್ ಪೀಪಲ್?"

ಅವಳ ಅಮ್ಮ ಗದರಿದರು: "ಕನ್ನಡದಲ್ಲಿ ಕೇಳು."

ಮಗು ಕಷ್ಟಪಟ್ಟು ಯೋಚಿಸಿ ಕೇಳಿತು: "ಇವರಿಗೆಲ್ಲ ಮನೆ ಇಲ್ವಾ?"

ಮೇಲಿನಿಂದ ತಾವರೆ

ಹಾಲಿವುಡ್ಡಿನ ಆ ನಿರ್ದೇಶಕ ಸ್ಟುಡಿಯೋದ ಮಾಡಿನ ಹತ್ತಿರ ಕ್ಯಾಮೆರಾ ಏರಿಸಿ, ನೆಲದ ಮೇಲೆ ಕುಣಿಯುವವರನ್ನು ಹೂವಿನ ಹಾಗೆ ಕಾಣಿಸುತ್ತಿದ್ದನಂತೆ. ನನಗೂ ಅಂಥದೊಂದು ತಾವರೆ ಬೇಕೇ ಬೇಕಿತ್ತು. ಆತನ ಬಳಿ ಕ್ರೇನ್ ಇತ್ತು. ನಮ್ಮ ಗೋದಾಮಿನಲ್ಲಿ ಎತ್ತರದ ರ‍್ಯಾಕಿನಿಂದ ಸಾಮಾನು ಇಳಿಸುವ ಲಿಫ್ಟ್ ಇತ್ತು. ಒಂದಿಷ್ಟು ವೀಡಿಯೋ ತೆಗೆಯುತ್ತೇನೆಂದು ಗೋದಾಮಿನ ಮಾಲೀಕರಾದ ನಮ್ಮ ಕಫೀಲ್ ಹತ್ತಿರ ಅನುಮತಿಯೂ ಕೇಳಿದ್ದೆ. ಒಂದಿಷ್ಟು ಎಂದರೆ ಎಷ್ಟೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನದ ನಮಾಜಿನ ನಂತರ ಹೆಂಗಸರೆಲ್ಲ ಗುಲಾಬಿ ಬಟ್ಟೆಯಲ್ಲಿ ದಳಗಳಾಗಿ ನೆಲದ ಮೇಲೆ ಮಲಗಿದರು. ಗಂಡಸರು ಹಸಿರು ಶರ್ಟು ಹಾಕಿ ಸುತ್ತಲೂ ಎಲೆಗಳಾದರು. ಜನ ಸಾಲದೆ ಸಂಘದ ಅಧ್ಯಕ್ಷರನ್ನೂ ಎಲೆ ಮಾಡಿದ್ದೆ. ಅವರ ಹೊಟ್ಟೆಯಿಂದಾಗಿ ಆ ಒಂದು ಎಲೆ ಸ್ವಲ್ಪ ಎತ್ತರವಾಗಿತ್ತು. ಎಲ್ಲರೂ ಕಣ್ಣು ಮುಚ್ಚಿ ಮಲಗಿದ್ದಾಗ, ನಾನು ಲಿಫ್ಟಿನ ತುದಿಯಲ್ಲಿದ್ದಾಗ, ಕಫೀಲ್ ಬಾಗಿಲು ತೆರೆದು ಒಳಗೆ ಬಂದರು.

ತಮ್ಮ ಗೋದಾಮಿನ ತುಂಬಾ ಜನ ಅಡ್ಡ ಬಿದ್ದಿದ್ದಾರೆ. ಕಫೀಲರ ಕೈಯಿಂದ ಜಪಮಾಲೆ ಜಾರಿತು.

"ಯಾ ಸತ್ತಾರ್! ಶಿನೂ ಹಾದಾ?" ದೇವರೇ, ಇದೇನಿದು ಎಂದು ಕೂಗಿದರು.

ನಾನು ಮೇಲಿನಿಂದ "ವರ್ದಾ, ವರ್ದಾ!" ಎಂದೆ. ಹೂವು ಎನ್ನುವುದಕ್ಕೆ ನನಗೆ ಗೊತ್ತಿದ್ದ ಅರಬ್ಬಿ ಅಷ್ಟೇ. ಅವರಿಗೆ ಹೂವು ಎಲ್ಲೂ ಕಾಣಲಿಲ್ಲ. ಲಿಫ್ಟ್ ಇಳಿಸಿ, ಅವರನ್ನು ಹತ್ತಿಸಿಕೊಂಡು ಮೇಲೇರಿಸಿದೆ. ಕೆಳಗೆ ನೋಡಿದರು. ಅವರ ಮುಖ ನಿಧಾನವಾಗಿ ಅರಳಿತು. "ಹೆಲೂ! ವಲ್ಲಾ ಹೆಲೂ!" ಚೆಂದ ಉಂಟು ಎಂದು ಹೇಳಿ ನನ್ನ ಬೆನ್ನು ತಟ್ಟಿದರು. ನನ್ನ ಕೆಲಸವೂ ಉಳಿಯಿತು, ತಾವರೆಯೂ ಉಳಿಯಿತು. ಅಷ್ಟರಲ್ಲಿ ಅವರ ಹುಬ್ಬು ಗಂಟಿಕ್ಕಿತು. ಅಧ್ಯಕ್ಷರ ಕಡೆ ಬೆರಳು ತೋರಿಸಿ, ಇಡೀ ಗೋದಾಮು ನಡುಗುವಂತೆ ಗರ್ಜಿಸಿದರು: "ಯು! ಗ್ರೀನ್! ಯಲ್ಲಾ, ಬ್ಯಾಕ್!"

ಯಾವ ಮೀಟಿಂಗಿನಲ್ಲೂ ಒಂದಿಂಚು ಹಿಂದೆ ಸರಿಯದ ನಮ್ಮ ಅಧ್ಯಕ್ಷರು ಮಲಗಿದಲ್ಲಿಂದಲೇ ತೆವಳಿಕೊಂಡು ಹಿಂದೆ ಸರಿದರು. ತಾವರೆ ದುಂಡಗಾಯಿತು.

ಸಂಜೆ ಬಟ್ಟೆ ಕೊಡವಿಕೊಳ್ಳುತ್ತಾ ಅಧ್ಯಕ್ಷರು ನನಗೇ ಬುದ್ಧಿ ಹೇಳಿದರು: "ಡೈರೆಕ್ಷನ್ ಅಂದ್ರೆ ಹಾಗೆ ಮಾಡ್ಬೇಕು. ನೀವು 'ದಯವಿಟ್ಟು ಸ್ವಲ್ಪ' ಅಂತ ಹೇಳಿದ್ರೆ ಯಾವ ಎಲೆ ಸರೀತದೆ ಮಾರಾಯ್ರೆ?"

ಮುಚ್ಚಳ

ಕೊನೆಗೂ ವಾರ್ಷಿಕೋತ್ಸವದ ಸಂಜೆ ಬಂತು. ಭಾಷಣವಾಯಿತು, ಸನ್ಮಾನವಾಯಿತು, ಸನ್ಮಾನಿತರ ಭಾಷಣವಾಯಿತು. ನನ್ನ ಸಿನಿಮಾ ಶುರುವಾಗುವಾಗ ಜನರ ಹೊಟ್ಟೆ ಆಗಲೇ ತಾಳ ಹಾಕುತ್ತಿತ್ತು.

ಬಾಗಿಲು ತೆರೆದು ಮುಚ್ಚುವ ಕುಣಿತಕ್ಕೆ ಸಿಳ್ಳೆ ಬಿತ್ತು. ತಾವರೆಗೆ ಎಲ್ಲರೂ "ಓ" ಎಂದರು. ಇನ್ನೊಂದೇ ಹಾಡು ಬಾಕಿ ಎನ್ನುವಾಗ ಹಿಂದಿನಿಂದ ಬಂತು ನೋಡಿ, ಕೋಳಿ ಸುಕ್ಕದ ಪರಿಮಳ.

ಸಂಸಾರಸ್ಥರ ಚಿಂತೆ ನನಗಿರಲಿಲ್ಲ. ಹಾಲಿವುಡ್ಡಿನವನು ವೈಭವಕ್ಕಾಗಿ ಕೊನೆಯ ಹಾಡಿನಲ್ಲಿ ಜನ ತುಂಬಿಸುತ್ತಿದ್ದ. ನಾನು ಕುರ್ಚಿ ಖಾಲಿಯಾಗದಿರಲೆಂದು ಸಂಘದ ಮಕ್ಕಳನ್ನೆಲ್ಲ ಕೊನೆಯ ಹಾಡಿಗೆ ತುಂಬಿಸಿದ್ದೆ. ಏಳಲು ಹೊರಟ ಗಂಡಂದಿರನ್ನೆಲ್ಲ ಹೆಂಡತಿಯರು ಅಂಗಿ ಹಿಡಿದು ಕೂರಿಸಿದರು. ಆದರೆ ಅಬ್ಬಾಸಿಯಾದ ರೂಮುಗಳಲ್ಲಿ ನಾಲ್ಕೈದು ಜನ ಸೇರಿ ಇರುವ ನಮ್ಮ ಬ್ಯಾಚುಲರುಗಳಿಗೆ ಮಕ್ಕಳೆಲ್ಲಿ? ಊರಿನ ರುಚಿಯ ಊಟ ಅವರಿಗೆ ಸಿಗುವುದೇ ಅಪರೂಪ. ಹಿಂದಿನ ಸಾಲು ಎದ್ದಿತು. ಅವರ ಮುಂದೆ ಅಧ್ಯಕ್ಷರೇ ಹೊರಟಿದ್ದರು.

ಇಷ್ಟು ತಿಂಗಳ ಶ್ರಮ, ಬಾಗಿಲಿನ ಆಚೆ ಹೋಗುತ್ತಿತ್ತು. ಅಳು ಬಂತು, ಸುಳ್ಳು ಹೇಳುವುದಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಕೈ ಹಿಡಿದು, "ಇರ್ಲಿ ಬಿಡಿ, ನಾನು ನೋಡ್ತಿದ್ದೇನಲ್ಲ" ಎಂದಳು.

ಒಂದು ನಿಮಿಷವೂ ಆಗಿಲ್ಲ, ಹೋದವರೆಲ್ಲ ಹಾಗೆಯೇ ವಾಪಸು ಬಂದರು. ಊಟದ ಜಾಗದಲ್ಲಿ ಪಾತ್ರೆಗಳೆಲ್ಲ ಮುಚ್ಚಿವೆ, ಬಡಿಸಲು ಒಂದು ನರಪಿಳ್ಳೆಯೂ ಇಲ್ಲ! ಅಧ್ಯಕ್ಷರು ಹುಡುಕುತ್ತಾ ಬಂದರೆ, ಕೇಟರಿಂಗಿನ ಅಣ್ಣ ತನ್ನ ಬಡಿಸುವ ಹುಡುಗರನ್ನೆಲ್ಲ ಕಟ್ಟಿಕೊಂಡು ಎದುರಿನ ಸಾಲಿನಲ್ಲೇ ಕೂತಿದ್ದಾರೆ. ವಿಷಯ ಏನೆಂದರೆ, ಕೊನೆಯ ಹಾಡಿಗೆ ನನಗೆ ಹೊಗೆ ಬೇಕಿತ್ತು. ಹೊಗೆಯ ಯಂತ್ರ ಸಿಗದೆ ಅವರ ಅಡುಗೆಮನೆಯ ಹಬೆಯಲ್ಲಿ, ಅವರ ಕೈಗೇ ಸೌಟು ಕೊಟ್ಟು ಕುಣಿಸಿ ಚಿತ್ರ ತೆಗೆದಿದ್ದೆ. ಈಗ ಎಲ್ಲರೂ ಅದನ್ನು ನನ್ನ ಮಹಾ ಉಪಾಯವೆಂದು ಹೊಗಳುತ್ತಾರೆ. ನಾನೂ ಬೇಡವೆನ್ನುವುದಿಲ್ಲ.

"ಅಣ್ಣಾ, ಊಟ?" ಎಂದರು ಅಧ್ಯಕ್ಷರು.

ಅಣ್ಣ ತೆರೆಯಿಂದ ಕಣ್ಣು ತೆಗೆಯಲಿಲ್ಲ. "ಅಧ್ಯಕ್ಷರೇ, ಕೂತ್ಕೊಳ್ಳಿ. ನನ್ನ ಪಾರ್ಟು ಇನ್ನೂ ಬರ್ಲಿಲ್ಲ."

ಅಧ್ಯಕ್ಷರು ಕೂತರು. ಬ್ಯಾಚುಲರುಗಳೂ ಸಿಕ್ಕಸಿಕ್ಕಲ್ಲಿ ಕೂತರು. ಕೊನೆಯ ಹಾಡು ಬಂತು. ಹಬೆಯ ನಡುವಿನಿಂದ ಅಣ್ಣ ಸೌಟು ತಿರುಗಿಸುತ್ತಾ ಹೊರಬಂದಾಗ ಹಾಲ್ ಕಿತ್ತು ಹೋಗುವ ಹಾಗೆ ಸಿಳ್ಳೆ. ಮಕ್ಕಳು ಬಂದಾಗ ಅಮ್ಮಂದಿರ ಕೂಗು. ದೀಪ ಹತ್ತಿದಾಗ ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಕಥೆಯ ಕೊನೆಯನ್ನು ಜನ ನೋಡಿದ್ದರು. ನಾನು ಕಣ್ಣು ಒರೆಸಿಕೊಂಡು ಕೈಮುಗಿದೆ.

ಅಧ್ಯಕ್ಷರು, "ಇನ್ನು ಊಟ" ಎಂದು ಮೈಕ್ ಹಿಡಿದರು. ಅಣ್ಣ ಎದ್ದು ನಿಂತರು.

"ಆ ಹಾಡು ಇನ್ನೊಮ್ಮೆ ಹಾಕಿ. ಊರಿಗೆ ಕಳಿಸ್ಲಿಕ್ಕೆ ಫೋನಿನಲ್ಲಿ ರೆಕಾರ್ಡ್ ಮಾಡ್ಬೇಕು. ಇಲ್ಲದಿದ್ರೆ ಮುಚ್ಚಳ ತೆಗೆಯುದಿಲ್ಲ."

ಅಧ್ಯಕ್ಷರು ಒಮ್ಮೆ ಅಣ್ಣನನ್ನು ನೋಡಿದರು, ಒಮ್ಮೆ ಬಾಗಿಲನ್ನು ನೋಡಿದರು. ಆಮೇಲೆ ಇಡೀ ಸಭೆಗೆ ಕೇಳುವ ಹಾಗೆ ಮೈಕಿನಲ್ಲಿ ಕೂಗಿದರು:

"ಡೈರೆಕ್ಟರೇ, ಬೇಗ ಹಾಕಿ ಮಾರಾಯ್ರೆ! ಒಂದಲ್ಲ, ಎರಡು ಸಲ ಹಾಕಿ! ಮುಂದಿನ ವರ್ಷವೂ ನೀವೇ ಮಾಡಿ, ಅದರ ಮುಂದಿನ ವರ್ಷವೂ ನೀವೇ ಮಾಡಿ, ನನಗೊಂದು ತಟ್ಟೆ ಅನ್ನ ಕೊಡಿಸಿ!"