ಬಚ್ಚಲ ಬಾಗಿಲಿನ ಕೊನೆಯ ಅಕ್ಷರ

ರಾಮನಗರದ ಉದಯಶಂಕರನ ಮನೆಯ ಬಚ್ಚಲ ಬಾಗಿಲಿಗೆ ಅಂಟಿಸಿದ್ದ ಚೀಟಿ ಅಂದು ಬೆಳಿಗ್ಗೆ ಮಾಯವಾಗಿತ್ತು. ನಾಲ್ಕು ಮೂಲೆಯ ಮೈದಾ ಅಂಟು ಒಣಗಿ ನಿಂತಿತ್ತು, ನಡುವೆ ಬರೀ ಬಾಗಿಲು. ಬೇರೆ ಯಾವತ್ತು ಕಳೆದಿದ್ದರೂ ಅವನು ಅಷ್ಟು ಕಂಗಾಲಾಗುತ್ತಿರಲಿಲ್ಲ. ಆದರೆ ಅಂದು ಮಧ್ಯಾಹ್ನ ಅವನು ಕೆಲಸ ಮಾಡುವ ಬಿಡದಿಯ ಕಾರ್ಖಾನೆಯಲ್ಲಿ ಪರೀಕ್ಷೆ ಇತ್ತು. ಗೆದ್ದವನಿಗೆ ಆರು ತಿಂಗಳು ಜಪಾನಿನಲ್ಲಿ ತರಬೇತಿ, ವಾಪಸು ಬಂದ ಮೇಲೆ ಸೂಪರ್‌ವೈಸರ್ ಕುರ್ಚಿ. ಕಳಿಸುವುದು ಒಬ್ಬನನ್ನೇ.

ಆ ಕಾರ್ಖಾನೆಯಲ್ಲಿ ಕಾರಿನ ಬಾಗಿಲಿಗೆ ಬೀಗ ಮಾಡುತ್ತಿದ್ದರು. ಮೇಲಿನ ಸಾಹೇಬರೆಲ್ಲ ಜಪಾನಿನವರು. ಅವರ ಯಂತ್ರಗಳ ಮೇಲಿದ್ದ ಚಿತ್ರದಂಥ ಅಕ್ಷರಗಳಿಗೆ ಕಾಂಜಿ ಎಂದು ಹೆಸರು. ಅದನ್ನು ಕಲಿತವನಿಗೆ ಮುಂದೆ ಭವಿಷ್ಯವಿದೆ ಎಂದು ಯಾರೋ ಕ್ಯಾಂಟೀನಿನಲ್ಲಿ ಹೇಳಿದ್ದನ್ನು ಕೇಳಿ ಉದಯಶಂಕರ ಬೆಂಗಳೂರಿನಿಂದ ಒಂದು ಪುಸ್ತಕದ ಜೆರಾಕ್ಸ್ ತಂದುಕೊಂಡಿದ್ದ. ಗುರುವಿಲ್ಲ, ಕ್ಲಾಸಿಲ್ಲ, ತಾನೇ ಕಲಿಯುವುದು. ಮೊದಲ ದಿನ ಬಹಳ ಸುಖವಾಗಿತ್ತು. ಒಂದು ಗೆರೆ ಎಳೆದರೆ ಒಂದು, ಎರಡು ಎಳೆದರೆ ಎರಡು, ಮೂರು ಎಳೆದರೆ ಮೂರು. ಇಷ್ಟಕ್ಕೆ ಲೋಕವೆಲ್ಲ ಜಪಾನೀ ಭಾಷೆಗೆ ಹೆದರಬೇಕೇ ಎಂದುಕೊಂಡ. ನಾಲ್ಕು ಗೆರೆ ಎಳೆದು ಪುಟ ತಿರುಗಿಸಿದರೆ ಅಲ್ಲಿ ನಾಲ್ಕರ ಜಾಗದಲ್ಲಿ ಪರದೆ ಕಟ್ಟಿದ ಕಿಟಕಿಯೊಂದು ಕೂತಿತ್ತು. ಅವತ್ತಿನಿಂದ ಅವನ ಉತ್ಸಾಹ ಸೋಮವಾರ ಏರುತ್ತಿತ್ತು, ಗುರುವಾರದ ಹೊತ್ತಿಗೆ ಇಳಿದುಹೋಗುತ್ತಿತ್ತು.

ಇಳಿಯುವ ಉತ್ಸಾಹವನ್ನು ಹಿಡಿದು ನಿಲ್ಲಿಸಲು ಅವನು ಎರಡು ಉಪಾಯ ಮಾಡಿದ. ಬಾಯಿಗೆ ಬಾರದ ಅಕ್ಷರಗಳನ್ನು ಕೆಂಪು ಮಸಿಯಲ್ಲಿ ಚೀಟಿಯ ಮೇಲೆ ಬರೆದು ಮನೆಯ ತುಂಬ ಅಂಟಿಸಿದ. ಅಕ್ಕಿ ಡಬ್ಬದ ಮೇಲೆ, ಕನ್ನಡಿಯ ಮೇಲೆ, ದೇವರ ಗೂಡಿನ ಪಕ್ಕದಲ್ಲಿ, ಎಲ್ಲೆಲ್ಲೂ. ಕಲಿತ ಮೇಲೆ ಕಿತ್ತುಹಾಕಬೇಕು. ಎರಡನೆಯದು ಹರಕೆ. ರೇವಣಸಿದ್ದೇಶ್ವರನ ಬೆಟ್ಟ ಹತ್ತಿ, ಐನೂರು ಅಕ್ಷರ ಕಲಿಯುವವರೆಗೆ ಗಡ್ಡ ತೆಗೆಯುವುದಿಲ್ಲ ಎಂದು ದೇವರೆದುರು ಒಪ್ಪಿಕೊಂಡು ಬಂದ. ತಾಯಿ ಚನ್ನಬಸಮ್ಮನಿಗೆ ಮಗ ಕಾಂಜಿ ಕಲಿಯುತ್ತಾನೋ ಬಿಡುತ್ತಾನೋ, ಹರಕೆ ಹೊತ್ತನಲ್ಲ ಎಂದೇ ಸಂತೋಷ. ಗಡ್ಡ ಎದೆಗೆ ಇಳಿದಷ್ಟು ಸಲೀಸಾಗಿ ಅಕ್ಷರ ತಲೆಗೆ ಇಳಿಯಲಿಲ್ಲ, ಆದರೂ ಅವನು ಬಿಡಲಿಲ್ಲ. ಈಗ ಉಳಿದಿದ್ದದ್ದು ಒಂದೇ ಒಂದು.

ಆ ಒಂದನ್ನು ಅವನಿಗೆ ಕೊಟ್ಟವನು ತನ್ನ ದೇಶಕ್ಕೆ ಮರಳುತ್ತಿದ್ದ ಒಬ್ಬ ಜಪಾನೀ ಇಂಜಿನಿಯರ್. ನೀನು ರೇಷ್ಮೆ ಊರಿನವನಲ್ಲವೇ, ಇದನ್ನು ಕಲಿಯದೆ ಬಿಡಬೇಡ ಎಂದು ರೇಷ್ಮೆ ಗೂಡು ಎಂಬ ಅಕ್ಷರವನ್ನು ಅದೇ ಕೆಂಪು ಮಸಿಯಲ್ಲಿ ದೊಡ್ಡದಾಗಿ ಚೀಟಿಯ ಮೇಲೆ ಬರೆದುಕೊಟ್ಟಿದ್ದ. ಬಚ್ಚಲ ಬಾಗಿಲಿಗೆ ಅಂಟಿಸಿದ್ದು ಅದನ್ನೇ. ಮೇಲೆ ಹುಲ್ಲಿನ ಸೂರು, ಕೆಳಗೆ ಗೋಡೆ, ಗೋಡೆಯೊಳಗೆ ಒಂದು ಕಡೆ ನೂಲು, ಇನ್ನೊಂದು ಕಡೆ ಹುಳ. ನೋಡಲು ನಮ್ಮ ಹುಳ ಸಾಕುವ ಮನೆಯೇ. ಬರೆಯಲು ಕೂತರೆ ಮಾತ್ರ ಉದಯಶಂಕರನ ಕೈಯಲ್ಲಿ ಒಂದು ದಿನ ಸೂರು ಹಾರಿಹೋಗುತ್ತಿತ್ತು, ಇನ್ನೊಂದು ದಿನ ಹುಳ ಗೋಡೆ ದಾಟಿ ಹೊರಗೆ ಬಂದಿರುತ್ತಿತ್ತು. ಪುಸ್ತಕದಲ್ಲಿ ನೋಡೋಣವೆಂದರೆ ಜೆರಾಕ್ಸಿನಲ್ಲಿ ಅದು ಸತ್ತ ನೊಣದಂತೆ ಕಪ್ಪಗೆ ಕಲಸಿಹೋಗಿತ್ತು. ಹೀಗಾಗಿ ಅವನಿಗೆ ಇದ್ದದ್ದು ಬಚ್ಚಲ ಬಾಗಿಲಿನ ಆ ಚೀಟಿಯೊಂದೇ ಆಧಾರ. ಪರೀಕ್ಷೆ ತೆಗೆದುಕೊಳ್ಳುವ ಮೊರಿತಾ ಸಾಹೇಬರಿಗೆ ರೇಷ್ಮೆಯ ಹುಚ್ಚು ಎಂದು ಬೇರೆ ಅವನು ಕೇಳಿದ್ದ.

"ಅವ್ವಾ, ಬಚ್ಚಲ ಬಾಗ್ಲಲ್ಲಿದ್ದ ಚೀಟಿ ಎಲ್ಲಿ?"

ಚನ್ನಬಸಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಬೈರಮ್ಮಂಗೆ ಕೊಟ್ಟೆ ಕಣಪ್ಪ. ಇವತ್ತು ಗೂಡು ಮಾರ್ಕೆಟ್‌ಗೆ ಹಾಕ್ತಾಳೆ. ಹೋದ್ ಸತಿ ಜೆರಾಕ್ಸ್ ಕೊಟ್ಟಿದ್ದೆ, ಒಳ್ಳೆ ರೇಟ್ ಬಂತು. ಈ ಸತಿ ಅಸಲೀದೇ ಬೇಕು ಅಂತ ಕೂತ್ಬುಟ್ಲು."

ಜೆರಾಕ್ಸ್ ಎಂಬ ಮಾತು ಕೇಳಿ ಉದಯಶಂಕರ ಕೈಯಲ್ಲಿದ್ದ ಚೊಂಬು ಕೆಳಗಿಟ್ಟು ಒಲೆಯ ಮುಂದೆ ಕೂತ. ಕೆದಕಿದಾಗ ಒಂದೊಂದೇ ಹೊರಬಂತು. ಮಗ ಗಡ್ಡ ಬಿಟ್ಟ, ಬಾಗಿಲು ಕಿಟಕಿಗೆಲ್ಲ ಕೆಂಪು ಮಸಿಯ ಚೀಟಿ ಅಂಟಿಸಿದ, ಬೆಳಗಿನ ಜಾವ ಎದ್ದು ಅರ್ಥವಾಗದ್ದನ್ನು ಗುನುಗಿದ. ಇದನ್ನು ನೋಡಿದ ಬೀದಿಯವರು ಯಂತ್ರ ಸಿದ್ಧಿ ಮಾಡಿಕೊಳ್ಳುತ್ತಿದ್ದಾನೆ ಎಂದು ತೀರ್ಮಾನಿಸಿದ್ದರು. ಬಚ್ಚಲ ಬಾಗಿಲಿನದೇ ಎಲ್ಲಕ್ಕಿಂತ ಗೀಟುಗೀಟಾಗಿದ್ದುದರಿಂದ ಅದಕ್ಕೇ ಶಕ್ತಿ ಜಾಸ್ತಿ ಎಂದೂ ಅವರೇ ತೀರ್ಮಾನಿಸಿದ್ದರು. ಕೇಳಿದವರಿಗೆ ಇಲ್ಲ ಎನ್ನಲಾರದೆ ಚನ್ನಬಸಮ್ಮ ಬಸ್‌ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಮಾಡಿಸಿ ಹಂಚಿದ್ದಳು. ಒಂದಾದರೂ ಉಳಿದಿದೆಯೇ ಎಂದರೆ, ಎಲ್ಲ ಖರ್ಚಾಯಿತು ಎಂದಳು, ಒಸಿ ಹೆಮ್ಮೆಯಿಂದಲೇ.

ಉದಯಶಂಕರ ತಿಂಡಿ ತಿನ್ನದೆ ಗೂಡಿನ ಮಾರುಕಟ್ಟೆಗೆ ಓಡಿದ. ಅಸಲಿ ಸಿಕ್ಕಿದರೆ ಒಂದು ಗಳಿಗೆ ನೋಡಿಕೊಂಡು ಬಸ್ಸು ಹಿಡಿಯಬಹುದು ಎಂಬುದು ಅವನ ಲೆಕ್ಕ.

ಮಾರುಕಟ್ಟೆಯಲ್ಲಿ ಹರಾಜು ಶುರುವಾಗುವುದರಲ್ಲಿತ್ತು. ಸಾಲು ಸಾಲು ತೊಟ್ಟಿಗಳಲ್ಲಿ ಹಳದಿ ಗೂಡು, ಬಿಳಿ ಗೂಡು, ಅದರ ವಾಸನೆ, ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು. ಅವರ ಬೀದಿಯಲ್ಲೇ ಹುಳ ಸಾಕುವ ಬೈರಮ್ಮ ತನ್ನ ತೊಟ್ಟಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಹೋದ ವರ್ಷದವರೆಗೆ ಅವನನ್ನು ಲೇ ಶಂಕ್ರ ಎಂದು ಕರೆಯುತ್ತಿದ್ದ ಹೆಂಗಸು ಈಗ ಸೆರಗು ಸರಿಮಾಡಿಕೊಂಡಳು.

"ಏನ್ ಸಾಮಿ, ನೀವೇ ಬಂದ್ಬುಟ್ರಾ?"

ಚೀಟಿ ಎಲ್ಲಿ ಎಂದ. ತೊಟ್ಟಿಯ ತಳದಲ್ಲಿಟ್ಟು ಮೇಲೆ ಗೂಡು ಸುರಿದಿದ್ದೇನೆ ಎಂದಳು. ಉದಯಶಂಕರ ಅಂಗಿಯ ತೋಳು ಮಡಿಸಿ ಗೂಡಿನೊಳಗೆ ಕೈ ಇಳಿಸಿದ. ಮೊಣಕೈ ಹೋಯಿತು, ತೋಳು ಹೋಯಿತು, ಗಡ್ಡವೂ ಗೂಡಿನ ಮೇಲೆ ಹರಡಿಕೊಂಡಿತು. ಚೀಟಿ ಬೆರಳಿಗೆ ಸಿಕ್ಕಲಿಲ್ಲ. ಅಷ್ಟರಲ್ಲಿ ಪಕ್ಕದ ತೊಟ್ಟಿಯ ಅಂಕಯ್ಯ ಎಂಬ ರೈತ ಬಂದು ಕೈಮುಗಿದ. ಹೆಂಗಸಿನ ಗೂಡಿನ ಲಾಟಿಗೆ ಮಾತ್ರ ಕೈ ಇಟ್ಟು ತನ್ನದಕ್ಕೆ ಇಡದೆ ಹೋದರೆ ಹೇಗೆ ಎಂಬುದು ಅವನ ನ್ಯಾಯ. ಬಿಟ್ಟರೆ ಸಾಕೆಂದು ಉದಯಶಂಕರ ಅದರಲ್ಲೂ ಕೈ ಅದ್ದಿದ. ಅಲ್ಲಿಗೆ ಮುಗಿಯಿತು ಅವನ ಕಥೆ. ಅಂಕಯ್ಯನ ಆಚೆಯವನು ಕರೆದ, ಅವನ ಆಚೆಯವನು ಎಳೆದ. ಇಡೀ ಸಾಲು ಅವನನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಿತು. ತನಗೆ ಯಾವ ಸಿದ್ಧಿಯೂ ಇಲ್ಲ, ಅದು ಬರೀ ಅಕ್ಷರ ಎಂದು ಅವನು ಎಷ್ಟು ಹೇಳಿದರೂ, ದೊಡ್ಡವರು ಹಾಗೇ ಅನ್ನುವುದು ಎಂದು ಜನ ತಲೆದೂಗಿದರು.

ಇದರ ನಡುವೆ ಹರಾಜು ಕೂಗಿದರು. ಬೈರಮ್ಮನ ಲಾಟಿಗೆ ಕೂಗಿ ಕೂಗಿ ಕೊನೆಗೆ ಇದ್ರೀಸ್ ಎಂಬ ರೀಲರ್ ಹಿಡಿದ. ಬೈರಮ್ಮನಿಗೆ ನಗು ತಡೆಯಲಿಲ್ಲ, ಇಷ್ಟು ಬಂದದ್ದು ಚೀಟಿಯಿಂದ ಎಂದಳು. ಇದ್ರೀಸನ ಮುಖವೂ ಅರಳಿತ್ತು, ಇಷ್ಟಕ್ಕೇ ಸಿಕ್ಕಿದ್ದು ಚೀಟಿಯಿಂದ ಎಂದ. ಅವನ ಹತ್ತಿರವೂ ಒಂದು ಜೆರಾಕ್ಸ್ ಇತ್ತು. ಮಾರುವವರಿಗೂ ಕೊಳ್ಳುವವರಿಗೂ ಒಂದೇ ಚೀಟಿ ಲಾಭ ಮಾಡಿಕೊಟ್ಟದ್ದು ಹೇಗೆ ಎಂದು ಯಾರಿಗೂ ಅನುಮಾನ ಬರಲಿಲ್ಲ.

ತೂಕಕ್ಕೆಂದು ಗೂಡು ಸುರಿದಾಗ ತಳದಿಂದ ಚೀಟಿ ಉದುರಿತು. ಉದಯಶಂಕರ ಅದರ ಮೇಲೆ ಬಿದ್ದ. ಬಿಡಿಸಿ ನೋಡಿದರೆ ಅಕ್ಷರವೇ ಇಲ್ಲ. ಬೈರಮ್ಮ ಪೂಜೆ ಮಾಡಿ ಅರಿಶಿನದ ನೀರು ಬಳಿದು, ಕುಂಕುಮ ಹಚ್ಚಿ, ಮೇಲೊಂದು ವಿಭೂತಿಯ ಪಟ್ಟೆ ಎಳೆದಿದ್ದಳು. ಹುಳವೂ ಇಲ್ಲ, ನೂಲೂ ಇಲ್ಲ, ಕದಡಿದ ಕೆಂಪು. ಅವನಿಗೆ ಅಳು ಬಂತು. ತಿರುಗಿ ಇದ್ರೀಸನ ಕೈ ಹಿಡಿದು, ನಿಮ್ಮ ಜೆರಾಕ್ಸ್ ಒಂದು ಸಲ ತೋರಿಸಿ ಎಂದು ಬೇಡಿಕೊಂಡ. ಇದ್ರೀಸ್ ತೋಳು ಮೇಲೆತ್ತಿ ತೋರಿಸಿದ. ಅಲ್ಲಿ ಬೆಸುಗೆ ಹಾಕಿಸಿದ ಬೆಳ್ಳಿ ತಾಯಿತ ಹೊಳೆಯುತ್ತಿತ್ತು.

"ಇದ್ರೊಳಗೈತೆ ಭಾಯ್. ಒಡೆದ್ರೆ ಬರ್ಕತ್ ಹೋಯ್ತದೆ. ನಿಮ್ಗೇನು, ಇನ್ನೊಂದು ಬರ್ಕೊಳಿ."

ಬರೆದುಕೊಳ್ಳಲು ಬಂದಿದ್ದರೆ ಅವನು ಇಲ್ಲಿಗೇಕೆ ಬರುತ್ತಿದ್ದ? ಮೈತುಂಬ ಗೂಡಿನ ನವಿರು ಅಂಟಿಸಿಕೊಂಡು ಉದಯಶಂಕರ ಬಿಡದಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಬೆರಳಿನಿಂದ ತೊಡೆಯ ಮೇಲೆ ಬರೆದು ನೋಡಿದ. ಸೂರು ಬಂತು, ಗೋಡೆ ಬಂತು, ನೂಲೂ ಬಂತು. ಹುಳ ಎಲ್ಲಿ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಇದ್ದವರು ಇಬ್ಬರೇ. ಇನ್ನೊಬ್ಬ ಜಯಕುಮಾರ್, ಅದೇ ಕಾರ್ಖಾನೆಯವನು, ಇವನ ಹಿಂದಿನ ಬೀದಿಯವನು. ಅವನಿಗೆ ಜಪಾನಿಯಲ್ಲಿ ನಮಸ್ಕಾರ ಹೇಳುವುದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ತಾಯಿಯ ಕಾಟ ತಡೆಯಲಾರದೆ ಹೆಸರು ಕೊಟ್ಟಿದ್ದ. ಅವನನ್ನು ಕಂಡು ಉದಯಶಂಕರನಿಗೆ ಜೀವ ಬಂತು.

ಮೊರಿತಾ ಸಾಹೇಬರು ಮೊದಲು ಮಾತಾಡಿಸಿದರು. ಉದಯಶಂಕರ ತಡವರಿಸದೆ ಉತ್ತರ ಕೊಟ್ಟ. ಗಡ್ಡ ಯಾಕೆ ಎಂದು ಕೇಳಿದಾಗ ಹರಕೆಯ ಕಥೆಯನ್ನೂ ಜಪಾನಿಯಲ್ಲೇ ಹೇಳಿದ. ಸಾಹೇಬರು ಮೆಚ್ಚಿ ನಕ್ಕರು. ಜಯಕುಮಾರ್ ಎಲ್ಲ ಪ್ರಶ್ನೆಗೂ ನಮಸ್ಕಾರ ಎಂದ. ಆಮೇಲೆ ಸಾಹೇಬರು ಇಬ್ಬರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು: ಮಾತು ಯಾರು ಬೇಕಾದರೂ ಆಡಬಹುದು, ಕಷ್ಟದ ಅಕ್ಷರವನ್ನು ತಾಳ್ಮೆಯಿಂದ ಕಲಿತವನೇ ಕಷ್ಟದ ಯಂತ್ರವನ್ನೂ ಕಲಿಯುತ್ತಾನೆ, ರಾಮನಗರ ಯಾವುದಕ್ಕೆ ಹೆಸರುವಾಸಿಯೋ ಆ ಒಂದು ಅಕ್ಷರ ಬರೆಯಿರಿ.

ಉದಯಶಂಕರ ಪೆನ್ನು ಹಿಡಿದ. ಸೂರು ಬರೆದ, ಗೋಡೆ ಬರೆದ, ನೂಲು ಬರೆದ. ಹುಳವನ್ನು ಎಡಕ್ಕೆ ತುರುಕಿದರೆ ಜಾಗವಿಲ್ಲ, ಬಲಕ್ಕೆ ನೂಲೇ ಹರಡಿಕೊಂಡಿದೆ. ಕೊನೆಗೆ ಹುಳವನ್ನು ಗೋಡೆಯಾಚೆ ಕೂರಿಸಿದ. ಮನಸ್ಸು ತಡೆಯದೆ, ಉಳಿದ ಜಾಗದಲ್ಲಿ ತನಗೆ ಗೊತ್ತಿದ್ದ ಅಕ್ಷರಗಳನ್ನೆಲ್ಲ ತುಂಬಿಸಿದ. ಓರೆಗಣ್ಣಿನಲ್ಲಿ ನೋಡಿದರೆ ಜಯಕುಮಾರ್ ಹಾಳೆಯ ಮೇಲ್ತುದಿಯಲ್ಲಿ ಏನೋ ಒಂದು ಗೀಚಿ, ಪೆನ್ನು ಕಚ್ಚಿಕೊಂಡು ಸೂರು ನೋಡುತ್ತಿದ್ದ.

ಸಾಹೇಬರು ಮೊದಲು ಉದಯಶಂಕರನ ಹಾಳೆ ನೋಡಿದರು. ಬಹಳ ಹೊತ್ತು ನೋಡಿ, ನಿನ್ನ ಹುಳ ಮನೆ ಬಿಟ್ಟು ಓಡಿಹೋಗಿದೆ ಎಂದರು. ಆಮೇಲೆ ಜಯಕುಮಾರನ ಹಾಳೆ ಎತ್ತಿದರು. ಎತ್ತಿದವರು ಎದ್ದು ನಿಂತರು. ನಿಂತವರು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಒಂದೇ ಅಕ್ಷರ, ಒಂದು ಗೆರೆಯೂ ತಪ್ಪಿಲ್ಲ. ಕೇಳಿದಷ್ಟು ಬರೆದು ಕೈ ಕಟ್ಟಿ ಕೂತಿದ್ದಾನೆ, ಇಂಥ ಸಂಯಮ ಜಪಾನಿನಲ್ಲೂ ಈಗ ಅಪರೂಪ ಎಂದು ಹೊಗಳಿದರು.

ಸಂಜೆ ಒಂದೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ವಾಪಸಾಗಬೇಕಾಯಿತು. ಉದಯಶಂಕರ, ನಿನಗೆ ಆ ಕಾಂಜಿ ಯಾವಾಗ ಬಂತೋ ಎಂದು ಕೇಳಿದ.

"ಅದು ಕಾಂಜೀನಾ ಶಂಕ್ರಣ್ಣ?" ಜಯಕುಮಾರ್ ನಿಜವಾಗಿಯೂ ಬೆರಗಾದ. "ನಿಮ್ಮವ್ವ ಕೊಟ್ಟಿದ್ ಚೀಟಿ ಕಣಣ್ಣ ಅದು. ಒಳ್ಳೇದಾಗ್ಲಿ ಅಂತ ದಿನಾ ಕಾರ್ಡ್ ಪಂಚ್ ಮಾಡೋಕ್ ಮುಂಚೆ ಅಂಗೈ ಮೇಲೆ ಬರ್ಕೊತೀನಿ. ಇಸ್ಕೂಲಲ್ಲಿ ಪರೀಕ್ಷೆ ಬರ್ಯೋವಾಗ ಮೇಲ್ಗಡೆ ಶ್ರೀ ಅಂತ ಬರೀತಿರ್ಲಿಲ್ವಾ, ಹಂಗೇ ಬರ್ದು ಕೂತಿದ್ದೆ. ಆಮೇಲೆ ಏನ್ ಬರೀಬೇಕು ಅಂತ ಯೋಚ್ನೆ ಮಾಡೋದ್ರೊಳಗೆ ಪೇಪರ್ ಇಸ್ಕೊಂಡ್ಬುಟ್ರು."

ಅಂಗೈ ಬಿಚ್ಚಿ ತೋರಿಸಿದ. ಬೆವರಿನಲ್ಲೂ ಅಳಿಸದೆ ಕೂತಿತ್ತು ಅಕ್ಷರ. ಸೂರು, ಗೋಡೆ, ಎಡಕ್ಕೆ ನೂಲು, ಬಲಕ್ಕೆ ಹುಳ, ಎಲ್ಲ ಒಳಗೇ. ಉದಯಶಂಕರ ಆ ಕೈಯನ್ನು ರಾಮನಗರ ಬರುವವರೆಗೂ ಬಿಡಲಿಲ್ಲ.

ಮನೆಯ ಮುಂದೆ ಜನ ನೆರೆದಿದ್ದರು. ಜಯಕುಮಾರ್ ಗೆದ್ದ ಸುದ್ದಿ ಬಸ್ಸಿಗಿಂತ ಮೊದಲೇ ಬಂದಿತ್ತು. ಬೈರಮ್ಮ ತೆಂಗಿನಕಾಯಿ ತಂದಿದ್ದಳು, ಅಂಕಯ್ಯ ಕುಂಬಳಕಾಯಿ ಹೊತ್ತಿದ್ದ. ಎಲ್ಲರ ಮುಂದೆ ಜಯಕುಮಾರನ ತಾಯಿ, ಮಗ ಜಪಾನಿನಲ್ಲಿ ಕಾಯಿಲೆ ಬೀಳದಂತೆ ಒಂದು ಚೀಟಿ ಬೇಕು ಎಂದು ಕಣ್ಣೀರು ಹಾಕುತ್ತಿದ್ದಳು. ಜೆರಾಕ್ಸ್ ಯಾರಿಗೂ ಬೇಡ, ಕೈಬರಹವೇ ಆಗಬೇಕು. ಚನ್ನಬಸಮ್ಮ ಚೀಟಿ ಕತ್ತರಿಸಿ, ಕೆಂಪು ಮಸಿ ಇಟ್ಟು, ಜಗಲಿಗೆ ಚಾಪೆ ಹಾಸಿ ಸಿದ್ಧವಾಗಿದ್ದಳು. ಇಲ್ಲ ಎನ್ನುವ ಶಕ್ತಿ ಉದಯಶಂಕರನಲ್ಲಿ ಉಳಿದಿರಲಿಲ್ಲ. ಜಯಕುಮಾರನ ಅಂಗೈ ನೋಡಿಕೊಂಡು ಮೊದಲನೆಯದನ್ನು ಬರೆದ. ಆಮೇಲೆ ಇನ್ನೊಂದು, ಮತ್ತೊಂದು. ದೀಪ ಹಚ್ಚುವ ಹೊತ್ತಿಗೆ ಜಯಕುಮಾರ್ ಎದ್ದು ಹೋದದ್ದೂ ಅವನಿಗೆ ತಿಳಿಯಲಿಲ್ಲ. ಕೈ ತಾನಾಗಿ ಬರೆಯುತ್ತಿತ್ತು. ಹುಳ ಮನೆಯೊಳಗೆ ಹಾಯಾಗಿ ಮಲಗಿತ್ತು.

ಐನೂರನೆಯ ಅಕ್ಷರ ಬಂದಿತ್ತು. ಜಪಾನು ಹೋದರೆ ಹೋಯಿತು, ಹರಕೆಯಾದರೂ ತೀರಿತಲ್ಲ ಎಂದು ಅವನು ಕೊನೆಯ ಚೀಟಿ ಕೊಟ್ಟು ಸೀದಾ ಕೆಂಪಯ್ಯನ ಕಟಿಂಗ್ ಶಾಪಿಗೆ ನಡೆದ. ಕುರ್ಚಿಯಲ್ಲಿ ಕೂತು ಗದ್ದ ಎತ್ತಿ, ಪೂರ್ತಿ ತೆಗೆದುಬಿಡು ಎಂದ.

ಕೆಂಪಯ್ಯ ಕತ್ತಿ ಮುಟ್ಟಲಿಲ್ಲ. ಕನ್ನಡಿಯ ಮೇಲ್ಗಡೆ ಊದುಬತ್ತಿಯ ಹೊಗೆಗೆ ಕಪ್ಪಾದ ಜೆರಾಕ್ಸ್ ಒಂದು ಅಂಟಿಕೊಂಡಿತ್ತು.

"ನಾನ್ ಮುಟ್ಟಕಿಲ್ಲ ಸಾಮಿ. ಗಡ್ಡ ಹೋದ್ರೆ ಎಲ್ರ ಚೀಟೀನೂ ಸತ್ತೋಯ್ತವಂತೆ. ಊರೋರು ನನ್ನ ಬುಟ್ಟಾರಾ?" ಎಂದು ಹೇಳಿ, ಗಲ್ಲಾದಿಂದ ಒಂದು ಬಿಳಿ ಚೀಟಿ ತೆಗೆದು ಅವನ ಮುಂದೆ ಇಟ್ಟ. "ಬಂದಿದ್ದೀರಲ್ಲ, ಹಂಗೇ ನಂಗೂ ಒಂದು ಕೈಯಾರೆ ಬರ್ಕೊಟ್ಟು ಹೋಗಿ."

ಉದಯಶಂಕರ ಕನ್ನಡಿಯಲ್ಲಿ ತನ್ನ ಗಡ್ಡ ನೋಡಿಕೊಂಡ. ಆಮೇಲೆ ಪೆನ್ನು ತೆಗೆದು, ಕಣ್ಣು ಮುಚ್ಚಿಕೊಂಡೇ, ಒಂದು ಗೆರೆಯೂ ತಪ್ಪದೆ ಬರೆದುಕೊಟ್ಟ.